ಲಾಗೋಸ್‌ಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ಇಲ್ಲಿನ ಬ್ಯಾಂಕುಗಳು ಮತ್ತು ನಿಮ್ಮ ಸಂಬಳ

ಲಾಗೋಸ್‌ಗೆ ಬಂದಿಳಿದ ಕನ್ನಡ ಕುಟುಂಬಗಳು ನಮ್ಮ ಸಂಘದವರನ್ನು ಮೊದಲು ಕೇಳುವುದು ಮನೆಯ ವಿಚಾರ, ಆಮೇಲೆ ಮಕ್ಕಳ ಶಾಲೆಯ ವಿಚಾರ. ಮೂರನೆಯ ಪ್ರಶ್ನೆ ಮೊದಲ ಸಂಬಳ ಖಾತೆಗೆ ಬಿದ್ದ ಮೇಲೆ ಬರುತ್ತದೆ: ಇಲ್ಲಿನ ಬ್ಯಾಂಕಿನಲ್ಲಿ ಹಣ ಇಡಬಹುದೇ? ಈ ಪ್ರಶ್ನೆಯಲ್ಲಿ ಎರಡು ಭಯಗಳು ಬೆರೆತಿವೆ. ಬ್ಯಾಂಕು ಮುಳುಗೀತು ಎಂಬುದು ಒಂದು, ಇಲ್ಲಿನ ಹಣವಾದ ನೈರಾದ ಬೆಲೆಯೇ ಇಳಿದೀತು ಎಂಬುದು ಇನ್ನೊಂದು. ಬಹುಕಾಲದಿಂದ ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಮೊದಲನೆಯದರಿಂದ ಕೈ ಸುಟ್ಟುಕೊಂಡವರು ವಿರಳ. ಎರಡನೆಯದರಿಂದ ಸುಟ್ಟುಕೊಳ್ಳದವರು ವಿರಳ. ಇವೆರಡನ್ನೂ ಬಿಡಿಸಿ ನೋಡಲು ಈ ದೇಶದ ಬ್ಯಾಂಕುಗಳಿಗೂ ಕಚ್ಚಾ ತೈಲಕ್ಕೂ ಇರುವ ನಂಟನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ತೈಲದ ಬೆಲೆ ಬಿದ್ದಾಗ ಬ್ಯಾಂಕಿಗೆ ಏನಾಗುತ್ತದೆ

ನೈಜರ್ ನದೀಮುಖಜ ಭೂಮಿಯ ಒಲೊಯಿಬಿರಿ ಎಂಬಲ್ಲಿ 1956ರಲ್ಲಿ ತೈಲ ಸಿಕ್ಕಿತು. ಇಂದು ನೈಜೀರಿಯಾದ ಒಟ್ಟು ಉತ್ಪನ್ನದಲ್ಲಿ ತೈಲದ ಪಾಲು ಹತ್ತನೇ ಒಂದಕ್ಕಿಂತ ಕಡಿಮೆ. ಬೇಸಾಯ, ವ್ಯಾಪಾರ ಮತ್ತು ದೂರಸಂಪರ್ಕಗಳ ಪಾಲು ಅದಕ್ಕಿಂತ ಹೆಚ್ಚು. ಆದರೆ ದೇಶಕ್ಕೆ ಬರುವ ರಫ್ತಿನ ಡಾಲರಿನ ಬಹುಭಾಗ ತೈಲದಿಂದಲೇ ಬರುತ್ತದೆ, ಸರ್ಕಾರದ ಬೊಕ್ಕಸ ತುಂಬುವುದರಲ್ಲೂ ಅದರದೇ ದೊಡ್ಡ ಕೈ. ಹೀಗಾಗಿ ತೈಲದ ಬೆಲೆ ಕುಸಿದರೆ ಬ್ಯಾಂಕುಗಳಿಗೆ ಒಂದೇ ಸಲಕ್ಕೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ: ಡಾಲರ್ ಸಿಗುವುದಿಲ್ಲ, ಸರ್ಕಾರದ ಮತ್ತು ಸರ್ಕಾರವನ್ನು ನಂಬಿದ ಗುತ್ತಿಗೆದಾರರ ಹಣ ಖಾತೆಗೆ ಬರುವುದು ನಿಲ್ಲುತ್ತದೆ, ತೈಲ ಕಂಪನಿಗಳಿಗೆ ಕೊಟ್ಟ ದೊಡ್ಡ ಸಾಲಗಳು ವಸೂಲಾಗದೆ ಉಳಿಯುತ್ತವೆ. 2025ರ ಕೇಂದ್ರ ಬಜೆಟ್ಟನ್ನು ಬ್ಯಾರೆಲಿಗೆ 75 ಡಾಲರ್ ಬೆಲೆ ಮತ್ತು ದಿನಕ್ಕೆ 20.6 ಲಕ್ಷ ಬ್ಯಾರೆಲ್ ಉತ್ಪಾದನೆ ಎಂಬ ಲೆಕ್ಕದ ಮೇಲೆ ಕಟ್ಟಲಾಗಿತ್ತು. ಬೆಲೆಯೂ ಉತ್ಪಾದನೆಯೂ ಅದಕ್ಕಿಂತ ಕೆಳಗೇ ಉಳಿದವು. ಮಳೆ ಬಂದೇ ಬರುತ್ತದೆಂದು ನಂಬಿ ಸಾಲ ಮಾಡಿ ಬಿತ್ತುವ ರೈತನ ಪಾಡನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚ್ಚಾ ತೈಲ ಮಾರಿ ಪೆಟ್ರೋಲನ್ನು ಹೊರಗಿನಿಂದ ಕೊಳ್ಳುತ್ತಿದ್ದ ವಿಚಿತ್ರ ಸ್ಥಿತಿ ಮಾತ್ರ ಲೆಕ್ಕಿಯ ಡಾಂಗೋಟೆ ಶುದ್ಧೀಕರಣಾಗಾರ 2024ರ ಸೆಪ್ಟೆಂಬರಿನಲ್ಲಿ ಪೆಟ್ರೋಲ್ ತಯಾರಿಸಲು ಆರಂಭಿಸಿದ ಮೇಲೆ ಬದಲಾಗುತ್ತಿದೆ.

ಬ್ಯಾಂಕು ಮುಳುಗುವ ಭಯ

2004ರಲ್ಲಿ ಇಲ್ಲಿ 89 ಬ್ಯಾಂಕುಗಳಿದ್ದವು. ಅಂದಿನ ಕೇಂದ್ರ ಬ್ಯಾಂಕ್ ಗವರ್ನರ್ ಚಾರ್ಲ್ಸ್ ಸೊಲುಡೊ ಅವರು ಕನಿಷ್ಠ ಬಂಡವಾಳವನ್ನು 200 ಕೋಟಿ ನೈರಾದಿಂದ 2,500 ಕೋಟಿಗೆ ಏರಿಸಿದಾಗ, 2005ರ ಕೊನೆಯ ಹೊತ್ತಿಗೆ ವಿಲೀನಗೊಂಡು ಉಳಿದದ್ದು 25. ಆ ವಿಲೀನಗಳಲ್ಲಿ ಒಂದು ನಮಗೂ ಸಂಬಂಧಿಸಿದ್ದು: ಭಾರತೀಯ ಸ್ಟೇಟ್ ಬ್ಯಾಂಕಿನ ಪಾಲುದಾರಿಕೆ ಇದ್ದ ಇಂಡೋ-ನೈಜೀರಿಯಾ ಬ್ಯಾಂಕು ಇಂದಿನ ಸ್ಟರ್ಲಿಂಗ್ ಬ್ಯಾಂಕಿನೊಳಗೆ ಸೇರಿಹೋಯಿತು. (ಇಲ್ಲಿ ಲಕ್ಷ, ಕೋಟಿಗಳ ಎಣಿಕೆ ಇಲ್ಲ, ಎಲ್ಲವೂ ಮಿಲಿಯನ್, ಬಿಲಿಯನ್. ಮೊದಲ ಕೆಲವು ತಿಂಗಳು ಸೊನ್ನೆಗಳನ್ನು ಎರಡು ಸಲ ಎಣಿಸಿಯೇ ಹಣ ಕಳಿಸಿ.)

ದೊಡ್ಡದಾದ ಬ್ಯಾಂಕುಗಳು ಗಟ್ಟಿಯಾಗಿರಲಿಲ್ಲ. ಷೇರು ಕೊಳ್ಳುವವರಿಗೂ ತೈಲ ವ್ಯಾಪಾರಿಗಳಿಗೂ ಅವು ಧಾರಾಳವಾಗಿ ಸಾಲ ಕೊಟ್ಟಿದ್ದವು. 2008ರ ಜುಲೈಯಲ್ಲಿ 147 ಡಾಲರ್ ಮುಟ್ಟಿದ್ದ ಕಚ್ಚಾ ತೈಲ ಅದೇ ವರ್ಷ ಮುಗಿಯುವುದರೊಳಗೆ 40ಕ್ಕಿಂತ ಕೆಳಗಿಳಿಯಿತು, ಷೇರುಪೇಟೆಯೂ ಜೊತೆಗೇ ಕುಸಿಯಿತು. 2009ರ ಆಗಸ್ಟ್ 14ರಂದು ಆಗಿನ ಗವರ್ನರ್ ಸನುಸಿ ಲಮಿಡೊ ಸನುಸಿ ಅವರು ಐದು ಬ್ಯಾಂಕುಗಳ ಮುಖ್ಯಸ್ಥರನ್ನು ಒಂದೇ ದಿನ ತೆಗೆದುಹಾಕಿ, 40,000 ಕೋಟಿ ನೈರಾ ತುಂಬಿ, ಆ ಬ್ಯಾಂಕುಗಳನ್ನು ಬೀಳದಂತೆ ಎತ್ತಿ ನಿಲ್ಲಿಸಿದರು. ಕೆಟ್ಟ ಸಾಲಗಳನ್ನು ಕೊಂಡುಕೊಳ್ಳಲೆಂದೇ 2010ರಲ್ಲಿ ಆಮ್ಕಾನ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಮುಂದೆ ಇಂಟರ್‌ಕಾಂಟಿನೆಂಟಲ್ ಬ್ಯಾಂಕು ಆಕ್ಸೆಸ್ ಬ್ಯಾಂಕಿಗೂ ಓಷಿಯಾನಿಕ್ ಬ್ಯಾಂಕು ಇಕೋಬ್ಯಾಂಕಿಗೂ ಸೇರಿದವು. 2018ರಲ್ಲಿ ಸ್ಕೈ ಬ್ಯಾಂಕು ಪೊಲಾರಿಸ್ ಆಯಿತು. ವಿಜಯಾ ಬ್ಯಾಂಕು ಬರೋಡಾದೊಳಗೂ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೂ ಸೇರಿದಾಗ ಪಾಸ್‌ಬುಕ್ಕಿನ ಹೆಸರು ಬದಲಾಗಿ ಹಣ ಹಾಗೆಯೇ ಉಳಿಯಿತಲ್ಲ, ಠೇವಣಿದಾರರ ಮಟ್ಟಿಗೆ ಇಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಆಯಿತು. ಷೇರುದಾರರ ಕಥೆ ಬೇರೆ.

ಆದರೂ ಪ್ರತಿಸಲವೂ ಹಾಗೆಯೇ ಆಗುತ್ತದೆಂದು ನಂಬಿ ಕೂರಬಾರದು. 2024ರ ಜೂನ್ 3ರಂದು ಕೇಂದ್ರ ಬ್ಯಾಂಕು ಹೆರಿಟೇಜ್ ಬ್ಯಾಂಕಿನ ಪರವಾನಗಿಯನ್ನೇ ರದ್ದುಮಾಡಿತು. ಅಂಥ ಸಂದರ್ಭದಲ್ಲಿ ಠೇವಣಿ ವಿಮಾ ನಿಗಮ ಒಬ್ಬ ಠೇವಣಿದಾರರಿಗೆ ಕೂಡಲೇ ಕೊಡುವುದು ಹೆಚ್ಚೆಂದರೆ 50 ಲಕ್ಷ ನೈರಾ. ಉಳಿದ ಹಣಕ್ಕೆ ಬ್ಯಾಂಕಿನ ಆಸ್ತಿ ಮಾರಾಟವಾಗುವವರೆಗೆ ಕಾಯಬೇಕು. ಈ ಮಿತಿ ಅದೇ ವರ್ಷ 5 ಲಕ್ಷದಿಂದ ಏರಿತ್ತು. 2025ರ ಆರಂಭದ ದರದಲ್ಲಿ 50 ಲಕ್ಷ ನೈರಾ ಎಂದರೆ ಮೂರು ಲಕ್ಷ ರೂಪಾಯಿಗೂ ತುಸು ಕಡಿಮೆ. 2024ರ ಮಾರ್ಚಿನಲ್ಲಿ ಕೇಂದ್ರ ಬ್ಯಾಂಕು ಮತ್ತೊಮ್ಮೆ ಬಂಡವಾಳದ ಮಿತಿಯನ್ನು ಏರಿಸಿ, ಅಂತರರಾಷ್ಟ್ರೀಯ ಪರವಾನಗಿಯ ಬ್ಯಾಂಕುಗಳಿಗೆ 50,000 ಕೋಟಿ ನೈರಾ, ದೇಶದೊಳಗೆ ಮಾತ್ರ ವ್ಯವಹರಿಸುವ ಬ್ಯಾಂಕುಗಳಿಗೆ 20,000 ಕೋಟಿ ಎಂದು ನಿಗದಿಮಾಡಿ, 2026ರ ಮಾರ್ಚ್ 31ರ ಗಡುವು ಕೊಟ್ಟಿತು. ಸಂಬಳದ ಖಾತೆಗೆ ಮೊದಲ ಬಗೆಯ ಬ್ಯಾಂಕನ್ನೇ ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಫಸ್ಟ್ ಬ್ಯಾಂಕ್, ಯುಬಿಎ, ಜಿಟಿ ಬ್ಯಾಂಕ್, ಆಕ್ಸೆಸ್, ಝೆನಿತ್ ಇವು ಐದು ದೊಡ್ಡವು. 1894ರಲ್ಲಿ ಆರಂಭವಾದ ಫಸ್ಟ್ ಬ್ಯಾಂಕ್ ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು.

ಕರಗುವುದು ನೈರಾ

ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲಿ. 2023ರ ಜೂನ್ ಆರಂಭದಲ್ಲಿ ಅಧಿಕೃತ ದರದಲ್ಲಿ ಒಂದು ಡಾಲರಿಗೆ ಸುಮಾರು 470 ನೈರಾ ಇತ್ತು, ಬೀದಿಯ ದರ 700 ದಾಟಿತ್ತು. ಜೂನ್ 14ರಂದು ಕೇಂದ್ರ ಬ್ಯಾಂಕು ಬೇರೆಬೇರೆ ದರಗಳ ಪದ್ಧತಿಯನ್ನು ಕೈಬಿಟ್ಟು ಮಾರುಕಟ್ಟೆಯೇ ಬೆಲೆ ಕಟ್ಟಲಿ ಎಂದಿತು. 2025ರ ಆರಂಭಕ್ಕೆ ದರ 1,500ರ ಆಸುಪಾಸಿನಲ್ಲಿತ್ತು. ಇದನ್ನು ನಮ್ಮ ರೂಪಾಯಿಗೆ ತಂದು ನೋಡೋಣ: ಆ ಜೂನ್ ಆರಂಭದಲ್ಲಿ ಹತ್ತು ಲಕ್ಷ ನೈರಾ ಇದ್ದವರ ಬಳಿ ಸುಮಾರು 1 ಲಕ್ಷ 74 ಸಾವಿರ ರೂಪಾಯಿ ಇತ್ತು, ಇಪ್ಪತ್ತು ತಿಂಗಳೂ ಕಳೆಯುವುದರೊಳಗೆ ಅದೇ ಹತ್ತು ಲಕ್ಷ 57 ಸಾವಿರ ರೂಪಾಯಿಯಾಗಿತ್ತು. ಬ್ಯಾಂಕು ಮುಳುಗಲಿಲ್ಲ, ಖಾತೆಯಲ್ಲಿ ಒಂದು ನೈರಾವೂ ಕಡಿಮೆಯಾಗಲಿಲ್ಲ.

ಠೇವಣಿಯ ಬಡ್ಡಿ ನೋಡಿ ಮೋಹಗೊಳ್ಳುವುದು ನಮ್ಮವರ ಹಳೆಯ ಚಟ. ಕೇಂದ್ರ ಬ್ಯಾಂಕಿನ ನೀತಿ ದರ 2024ರ ನವೆಂಬರಿನಲ್ಲಿ ಶೇ. 27.5ಕ್ಕೆ ಏರಿತ್ತು, ಸರ್ಕಾರ ಅಲ್ಪಾವಧಿ ಸಾಲಕ್ಕೆಂದು ಮಾರುವ ಟ್ರೆಜರಿ ಬಿಲ್ಲುಗಳ ಮೇಲೆ ಶೇ. 20ರ ಬಡ್ಡಿ ಸಿಗುತ್ತಿತ್ತು. ಊರಿನಲ್ಲಿ ಶೇ. 7 ಬಂದರೆ ಸಂತೋಷಪಡುವ ನಾವು ಶೇ. 20 ಎಂದಾಗ ಎರಡನೆಯ ಮಾತಾಡುವುದಿಲ್ಲ. ಆದರೆ 2024ರ ಡಿಸೆಂಬರಿನಲ್ಲಿ ಹಣದುಬ್ಬರ ಶೇ. 34.8 ಇತ್ತು. ಮೇಲಿನ ಉದಾಹರಣೆಯ ಹತ್ತು ಲಕ್ಷಕ್ಕೆ ಒಂದು ವರ್ಷದ ಶೇ. 20ರ ಬಡ್ಡಿ ಸೇರಿಸಿದರೂ ಸಿಗುವುದು 70 ಸಾವಿರ ರೂಪಾಯಿಗಿಂತ ಕಡಿಮೆಯೇ. ವಿಪರ್ಯಾಸವೆಂದರೆ, ನೈರಾ ಬಿದ್ದಾಗ ಡಾಲರಿನ ಆಸ್ತಿ ಇಟ್ಟುಕೊಂಡಿದ್ದ ಬ್ಯಾಂಕುಗಳಿಗೆ ಪುಸ್ತಕದಲ್ಲಿ ಭಾರಿ ಲಾಭ ಬಂತು. ಅದನ್ನು ಲಾಭಾಂಶವಾಗಿ ಹಂಚಬೇಡಿರೆಂದು ಕೇಂದ್ರ ಬ್ಯಾಂಕು ಹೇಳಬೇಕಾಯಿತು, 2024ರಲ್ಲಿ ಸರ್ಕಾರ ಅದರ ಮೇಲೆ ಶೇ. 70ರ ವಿಶೇಷ ತೆರಿಗೆ ಹಾಕಿತು. ಪತ್ರಿಕೆಗಳಲ್ಲಿ ಬ್ಯಾಂಕುಗಳ ದಾಖಲೆ ಲಾಭದ ಸುದ್ದಿ ಓದಿದಾಗ ಈ ಹಿನ್ನೆಲೆ ನೆನಪಿರಲಿ.

ಹಾಗಾದರೆ ಮಾಡಬೇಕಾದದ್ದೇನು? ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ಸಂಬಳದ ಎಷ್ಟು ಭಾಗ ಡಾಲರಿನಲ್ಲಿ ಅಥವಾ ಭಾರತದ ಖಾತೆಗೆ ಬರುತ್ತದೆ, ಎಷ್ಟು ಭಾಗ ನೈರಾದಲ್ಲಿ ಬರುತ್ತದೆ, ನೈರಾ ಭಾಗವನ್ನು ಯಾವ ದಿನದ ಯಾವ ದರದಲ್ಲಿ ಲೆಕ್ಕ ಹಾಕುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಸಂಘದ ಸದಸ್ಯರೊಬ್ಬರ ಒಪ್ಪಂದದಲ್ಲಿ ನೈರಾ ಮೊತ್ತವನ್ನು ಎರಡು ವರ್ಷಕ್ಕೆ ನಿಗದಿಮಾಡಲಾಗಿತ್ತು; 2023ರ ನಂತರ ಅವರ ಮನೆಯ ಅಕ್ಕಿ, ಡೀಸೆಲ್, ಮಕ್ಕಳ ಶುಲ್ಕ ಎಲ್ಲವೂ ಏರಿದವು, ಸಂಬಳ ಮಾತ್ರ ಕದಲಲಿಲ್ಲ. ನೈರಾ ಖಾತೆಯಲ್ಲಿ ಎರಡು ಮೂರು ತಿಂಗಳ ಮನೆಖರ್ಚಿಗಿಂತ ಹೆಚ್ಚು ಉಳಿಸಬೇಡಿ. ಮನೆ ಬಾಡಿಗೆಯನ್ನು ಇಲ್ಲಿ ವರ್ಷಕ್ಕೊಮ್ಮೆ ಮುಂಗಡವಾಗಿ ಕೊಡುವ ರೂಢಿಯಿದ್ದು, ಕಂಪನಿಯೇ ಅದನ್ನು ಭರಿಸುವಂತಿದ್ದರೆ ಒಳ್ಳೆಯದು.

ಡಾಲರಿನ ಕೊರತೆ ಬೇರೆ ರೂಪದಲ್ಲೂ ಕಾಡಬಹುದು. 2022ರಲ್ಲಿ ಬ್ಯಾಂಕುಗಳು ನೈರಾ ಕಾರ್ಡಿನ ವಿದೇಶಿ ಖರ್ಚಿನ ಮಿತಿಯನ್ನು ತಿಂಗಳಿಗೆ 20 ಡಾಲರಿಗೆ ಇಳಿಸಿ ಕೊನೆಗೆ ನಿಲ್ಲಿಸಿಯೇಬಿಟ್ಟವು. 2025ರಲ್ಲಷ್ಟೇ ಕೆಲವು ಮತ್ತೆ ಆರಂಭಿಸಿದವು. ಟಿಕೆಟ್ ಮಾರಿದ ನೈರಾವನ್ನು ಡಾಲರ್ ಮಾಡಿಕೊಳ್ಳಲಾಗದೆ ಎಮಿರೇಟ್ಸ್ 2022ರಲ್ಲಿ ಹಾರಾಟ ನಿಲ್ಲಿಸಿ, 2024ರ ಅಕ್ಟೋಬರಿನಲ್ಲಿ ಮರಳಿತು. ಊರಿಗೆ ಹೋಗುವ ಟಿಕೆಟಿಗೆ ಭಾರತದ ಕಾರ್ಡೊಂದು ಕೈಯಲ್ಲಿರಲಿ. ಡಾಲರ್ ಖಾತೆಯನ್ನು ಇಲ್ಲಿ ಡಾಮಿಸಿಲಿಯರಿ ಖಾತೆ, ಆಡುಮಾತಿನಲ್ಲಿ ಡಾಮ್ ಅಕೌಂಟ್ ಎನ್ನುತ್ತಾರೆ. ಸಂಬಳದ ಖಾತೆಯ ಜೊತೆಗೇ ಅದನ್ನೂ ತೆರೆಸಿ. ಬೀದಿಯಲ್ಲಿ ನೋಟು ಬದಲಿಸುವ ಅಬೋಕಿಗಳ ಬಳಿ ಹೋಗಬೇಡಿ. ಅದು ಕಾನೂನುಬಾಹಿರ, ನಕಲಿ ನೋಟಿನ ಅಪಾಯವೂ ಇದೆ.

ಖಾತೆ ಮತ್ತು ದಿನನಿತ್ಯದ ವ್ಯವಹಾರ

ಖಾತೆ ತೆರೆಯಲು ಪಾಸ್‌ಪೋರ್ಟ್, ವಾಸದ ಪರವಾನಗಿಯಾದ ಸೆರ್ಪಾಕ್, ಕಂಪನಿಯ ಪತ್ರ, ವಿಳಾಸಕ್ಕೆ ವಿದ್ಯುತ್ ಬಿಲ್ ಮುಂತಾದವು ಬೇಕು. ಮೊದಲು ಬೆರಳಚ್ಚು ಮತ್ತು ಮುಖದ ಚಿತ್ರ ಕೊಟ್ಟು ಬಿವಿಎನ್ ಎಂಬ 11 ಅಂಕಿಯ ಸಂಖ್ಯೆ ಪಡೆಯಬೇಕು. 2014ರಿಂದ ಜಾರಿಯಲ್ಲಿರುವ ಈ ಸಂಖ್ಯೆ ಒಬ್ಬರಿಗೆ ಒಂದೇ, ಎಲ್ಲ ಬ್ಯಾಂಕಿಗೂ ಅದೇ. ಇದಕ್ಕೆ ಕೊಟ್ಟ ಮೊಬೈಲ್ ಸಂಖ್ಯೆಯನ್ನು ಬದಲಿಸುವುದು ತ್ರಾಸದ ಕೆಲಸವಾದ್ದರಿಂದ ಕಂಪನಿಯ ಸಿಮ್ ಕೊಡದೆ ಸ್ವಂತ ಸಿಮ್ ಕೊಡಿ.

ಹಣ ಕಳಿಸುವ ವ್ಯವಸ್ಥೆ ಮಾತ್ರ ನಿಜಕ್ಕೂ ಮೆಚ್ಚುವಂಥದು. 10 ಅಂಕಿಯ ಖಾತೆ ಸಂಖ್ಯೆ ಹಾಕಿ ಬ್ಯಾಂಕಿನ ಹೆಸರು ಆರಿಸಿದರೆ ಖಾತೆದಾರರ ಹೆಸರು ಕಾಣುತ್ತದೆ, ಹಣ ಕ್ಷಣದಲ್ಲಿ ತಲುಪುತ್ತದೆ. ನಮ್ಮಲ್ಲಿ ಯುಪಿಐ ಬರುವುದಕ್ಕಿಂತ ಮೊದಲೇ, 2011ರಿಂದಲೇ, ಇದು ಇಲ್ಲಿದೆ. ತರಕಾರಿ ಮಾರುವವರಿಂದ ಹಿಡಿದು ಮನೆಗೆಲಸದವರವರೆಗೆ ಎಲ್ಲರೂ ಖಾತೆ ಸಂಖ್ಯೆ ಕೊಡುತ್ತಾರೆ. ಅಂಗಡಿಯವರು ತಮ್ಮ ಮೊಬೈಲಿಗೆ ‘ಅಲರ್ಟ್’ ಬರುವವರೆಗೆ ನಿಮ್ಮನ್ನು ಬಿಡುವುದಿಲ್ಲ. ಸುಳ್ಳು ಸಂದೇಶ ತೋರಿಸಿ ಹೋಗುವವರಿಂದ ಅವರು ನೊಂದಿದ್ದಾರೆ, ಬೇಸರಪಡಬೇಡಿ. 10,000 ನೈರಾ ಮತ್ತು ಅದಕ್ಕೆ ಮೇಲ್ಪಟ್ಟ ವರ್ಗಾವಣೆಗೆ 50 ನೈರಾ ಸುಂಕವಿದೆ.

ಆದರೂ ಮನೆಯಲ್ಲಿ ಒಂದಿಷ್ಟು ನೋಟು ಇರಲಿ. 2022ರ ಅಕ್ಟೋಬರಿನಲ್ಲಿ 200, 500, 1,000ದ ನೋಟುಗಳ ಹೊಸ ವಿನ್ಯಾಸ ಪ್ರಕಟವಾಗಿ, ಹಳೆಯವು ಜನವರಿ 31ರ ನಂತರ ನಡೆಯವು ಎಂದಾಗ 2016ರ ನವೆಂಬರ್ ನೆನಪಿರುವ ನಮಗೆ ಮುಂದಿನದು ಗೊತ್ತೇ ಇತ್ತು. ಹಳೆಯ ನೋಟು ಯಾರೂ ಒಲ್ಲರು, ಹೊಸ ನೋಟು ಎಲ್ಲೂ ಇಲ್ಲ. ರಸ್ತೆ ಬದಿಯ ಕೊಡೆಯಡಿ ಯಂತ್ರವಿಟ್ಟುಕೊಂಡು ನಗದು ಕೊಡುವ ಪಿಒಎಸ್ ಏಜೆಂಟರು ಕೊಟ್ಟ ಹಣದ ಐದನೇ ಒಂದು ಭಾಗವನ್ನು ಕಮಿಷನ್ ಆಗಿ ಹಿಡಿದ ದಿನಗಳಿದ್ದವು. ಎಲ್ಲರೂ ಒಮ್ಮೆಗೇ ಮೊಬೈಲಿಗೆ ಮುಗಿಬಿದ್ದದ್ದರಿಂದ ವರ್ಗಾವಣೆಗಳೂ ಸಿಕ್ಕಿಹಾಕಿಕೊಂಡವು. ಆ ಫೆಬ್ರವರಿಯ ಶಿವರಾತ್ರಿಗೆ ನಮ್ಮ ಕೆಲವು ಮನೆಗಳಲ್ಲಿ ಬಾಳೆಹಣ್ಣು ಕೊಳ್ಳಲು ಚಿಲ್ಲರೆ ಇರಲಿಲ್ಲ. ಮಾರ್ಚ್ 3ರಂದು ಸುಪ್ರೀಂ ಕೋರ್ಟು ಹಳೆಯ ನೋಟುಗಳೂ ನಡೆಯಬೇಕೆಂದು ತೀರ್ಪು ಕೊಟ್ಟ ಮೇಲೆ ಪರಿಸ್ಥಿತಿ ನಿಧಾನವಾಗಿ ತಿಳಿಯಾಯಿತು. ಅತಿ ದೊಡ್ಡ ನೋಟಾದ 1,000 ನೈರಾದ ಬೆಲೆ ಈಗ ಅರವತ್ತು ರೂಪಾಯಿಯ ಆಸುಪಾಸು ಇರುವುದರಿಂದ ಒಂದಿಷ್ಟು ಎಂದರೂ ಒಂದು ಚೀಲವೇ ಆದೀತು.

ನೋಟಿನ ವಿಚಾರದಲ್ಲಿ ಇನ್ನೊಂದು ಮಾತು. ಮದುವೆ, ನಾಮಕರಣಗಳಲ್ಲಿ ನೋಟಿನ ಹಾರ ಹಾಕುವುದು, ನೋಟು ಎರಚುವುದು, ತುಳಿಯುವುದು ಇಲ್ಲಿನ ಕೇಂದ್ರ ಬ್ಯಾಂಕ್ ಕಾಯ್ದೆಯ ಪ್ರಕಾರ ಅಪರಾಧ. ಬಹುಕಾಲ ಕಾಗದದಲ್ಲಷ್ಟೇ ಇದ್ದ ಈ ನಿಯಮದಡಿ 2024ರಲ್ಲಿ ಪ್ರಸಿದ್ಧ ವ್ಯಕ್ತಿಗಳಿಗೇ ಆರು ತಿಂಗಳ ಸೆರೆವಾಸವಾಗಿದೆ. ಸಂಘದ ಕಾರ್ಯಕ್ರಮಗಳಲ್ಲಿ ಕಲಾವಿದರಿಗೆ ಕೊಡುವುದನ್ನು ಲಕೋಟೆಯಲ್ಲೇ ಕೊಡಿ.

ಊರಿನ ಖಾತೆಗಳು

ಉದ್ಯೋಗಕ್ಕಾಗಿ ದೇಶ ಬಿಟ್ಟ ಮೇಲೆ ಭಾರತದ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಅದನ್ನು ಅನಿವಾಸಿ ಭಾರತೀಯರ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇಲ್ಲಿನ ಗಳಿಕೆ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಖಾತೆಯಲ್ಲಿ ಊರಿನ ಬಾಡಿಗೆ, ತೋಟದ ಹುಟ್ಟುವಳಿ ಮುಂತಾದವನ್ನು ಇಟ್ಟುಕೊಳ್ಳಬಹುದು. ರಜೆಗೆ ಹೋಗುವಾಗ ನೈರಾ ನೋಟು ಒಯ್ಯಬೇಡಿ. ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ಇಲ್ಲಿಂದ ಹೊರಡುವಾಗ 10,000 ಡಾಲರಿಗಿಂತ ಹೆಚ್ಚು, ಭಾರತದಲ್ಲಿ ಇಳಿಯುವಾಗ 5,000 ಡಾಲರಿಗಿಂತ ಹೆಚ್ಚು ನೋಟು ಕೈಯಲ್ಲಿದ್ದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಭಾರತದ ಬ್ಯಾಂಕುಗಳ ಒಟಿಪಿ ಬರುವ ಸಿಮ್ಮನ್ನು ರೋಮಿಂಗ್ ಸಹಿತ ರೀಚಾರ್ಜ್ ಮಾಡಿಸಿ ಜೀವಂತವಾಗಿಡಿ. ಅದು ಸತ್ತುಹೋದರೆ ಹೊಸ ಸಿಮ್ ಪಡೆಯಲು ನೀವೇ ಊರಿಗೆ ಹೋಗಬೇಕಾದೀತು.