ಏಳು ಚೌಕದ ಕ್ರೋಶ ಲೇಸು: ಹೆಣೆಯುವುದು, ಗಂಜಿ ಹಾಕುವುದು, ಇನ್ನೊಬ್ಬರಿಗೆ ದಾಟಿಸುವುದು

ಕೈಲೇಸಿನಲ್ಲಿ ಹಲವು ಬಗೆ. ದಿಂಬಿಗೆ ಗುಂಡುಸೂಜಿ ಚುಚ್ಚಿ ಹತ್ತಾರು ಬಾಬಿನ್‌ಗಳನ್ನು ಅಡ್ಡ ಹಾಯಿಸುತ್ತ ಹೆಣೆಯುವ ಬಾಬಿನ್ ಲೇಸು, ಪುಟ್ಟ ಲಾಳಿಯಲ್ಲಿ ಗಂಟು ಹಾಕುತ್ತ ಹೋಗುವ ಟ್ಯಾಟಿಂಗ್, ಬರೀ ಸೂಜಿದಾರದ ಲೇಸು, ಕೊಕ್ಕೆ ಕಡ್ಡಿಯ ಕ್ರೋಶ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಬಾಗಿಲ ತೋರಣ, ಟೇಬಲ್ ಬಟ್ಟೆಯ ಅಂಚು, ಸೀರೆ ಸೆರಗಿನ ಕುಚ್ಚು ಅಂತ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕ್ರೋಶವೇ. ಅದರಲ್ಲೂ ಚೌಕ ಚೌಕವಾಗಿ ಬರುವ ಫಿಲೆ ಲೇಸು ಕಲಿಯುವವರಿಗೂ ಕಲಿಸುವವರಿಗೂ ಅನುಕೂಲ. ವಿನ್ಯಾಸವನ್ನು ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕದಲ್ಲೇ ಬರೆದಿಟ್ಟುಕೊಳ್ಳಬಹುದು. ತಪ್ಪಿದ್ದು ಎಲ್ಲಿ ಎಂದು ಎಣಿಸಿಯೇ ಹಿಡಿಯಬಹುದು. ಇಲ್ಲಿ ಹೇಳಿರುವುದು ಏಳು ಚೌಕ ಅಗಲದ, ನಡುವೆ ವಜ್ರದ ಆಕಾರ ಬರುವ ಅಂಚುಪಟ್ಟಿ.

ದಾರ, ಕಡ್ಡಿ, ಕೈ

ಕ್ರೋಶಕ್ಕೆಂದೇ ಬರುವ ಮರ್ಸರೈಸ್ ಮಾಡಿದ (ಹೊಳಪು, ಗಟ್ಟಿತನ ಬರುವಂತೆ ಸಂಸ್ಕರಿಸಿದ) ಹತ್ತಿ ದಾರ ತನ್ನಿ. ನಂಬರ್ ಏರಿದಷ್ಟೂ ದಾರ ಸಣ್ಣ: 10 ದಪ್ಪ, 20 ಮಧ್ಯಮ, 40 ಸಣ್ಣ, 60 ಇನ್ನೂ ಸಣ್ಣ. ಮೊದಲ ಪಟ್ಟಿಗೆ 20 ನಂಬರ್ ದಾರ, 1.25 ಮಿ.ಮೀ. ಸ್ಟೀಲ್ ಕಡ್ಡಿ ಸರಿ. 40ಕ್ಕೆ 1 ಮಿ.ಮೀ., 60ಕ್ಕೆ 0.75 ಮಿ.ಮೀ. ಕಡ್ಡಿಯ ಮೇಲೆ ಕೆತ್ತಿದ ನಂಬರ್ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಮಿಲಿಮೀಟರ್ ನೋಡಿಯೇ ಕೊಳ್ಳಿ. ಪಾಲಿಯೆಸ್ಟರ್ ಹೊಲಿಗೆ ದಾರ ಇದಕ್ಕೆ ಬೇಡವೇ ಬೇಡ. ಜಾರುತ್ತದೆ, ಗಂಜಿಯನ್ನೂ ಹಿಡಿಯುವುದಿಲ್ಲ.

ಎಷ್ಟು ದಾರ ಬೇಕು ಎಂಬುದಕ್ಕೆ ಊಹೆ ಬೇಡ. ಐದು ವಜ್ರ ಹೆಣೆದು ಆ ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬೇಕಾದ ಉದ್ದಕ್ಕೆ ಲೆಕ್ಕ ಹಾಕಿ, ಮೇಲೊಂದು ಉಂಡೆ ಹೆಚ್ಚಿಗೆ ತನ್ನಿ. ಬಣ್ಣದ ದಾರವಾದರೆ ಎಲ್ಲ ಉಂಡೆಗಳ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಒಂದೇ ಇರಲಿ. ಅಂಗಡಿಯಲ್ಲಿ ಒಂದೇ ಕೆಂಪು ಅನ್ನಿಸಿದ್ದು ಬಟ್ಟೆಯ ಮೇಲೆ ಎರಡು ಕೆಂಪಾಗಿ ಕಾಣುತ್ತದೆ.

ಕೈಯ ವಿಷಯಕ್ಕೆ ಬಂದರೆ, ಅಡಕೆ ಸುಲಿಯುವ ದಿನಗಳಲ್ಲಿ ಬಿಳಿ ದಾರ ಮುಟ್ಟದಿರುವುದೇ ಲೇಸು. ಚೊಗರು ಹಿಡಿದ ಬೆರಳನ್ನು ಎಷ್ಟು ಉಜ್ಜಿ ತೊಳೆದರೂ ಬೆವರಿನ ಜೊತೆ ಕಂದು ಕಲೆ ದಾರಕ್ಕೆ ಇಳಿಯುತ್ತದೆ. ಕಡ್ಡಿಯ ಮೇಲಿನ ಹೊಳಪು ಸವೆದು ತುಕ್ಕು ಬಂದಿದ್ದರಂತೂ ಚೊಗರಿಗೆ ಕಬ್ಬಿಣ ಸೇರಿ ಕಲೆ ಕಪ್ಪಾಗುತ್ತದೆ; ಅದು ಹೋಗುವ ಮಾತಿಲ್ಲ. ಆ ತಿಂಗಳುಗಳಲ್ಲಿ ಗಾಢ ಬಣ್ಣದ ಕುಚ್ಚಿನ ಕೆಲಸ ಇಟ್ಟುಕೊಳ್ಳಿ.

ಮೂರು ಹೊಲಿಗೆ, ಒಂದು ಲೆಕ್ಕ

ಈ ಪಟ್ಟಿಗೆ ಬೇಕಾದ್ದು ಚೈನ್, ಸಿಂಗಲ್, ಕಂಬ, ಅಷ್ಟೇ. ಚೈನ್ ಎಂದರೆ ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ಎಳೆಯನ್ನು ಎಳೆದು ಹೊಸ ಕುಣಿಕೆ ತೆಗೆಯುವುದು. ಸಿಂಗಲ್ ಎಂದರೆ ಕಡ್ಡಿಗೆ ಸುತ್ತು ಹಾಕದೆ ಚುಚ್ಚಿ, ಎಳೆ ಎಳೆದು, ಎರಡೂ ಕುಣಿಕೆಯನ್ನು ಒಟ್ಟಿಗೆ ದಾಟಿಸುವುದು. ಕಂಬಕ್ಕೆ ಮೊದಲು ಕಡ್ಡಿಗೆ ಒಂದು ಸುತ್ತು ಹಾಕಿ ಚುಚ್ಚಬೇಕು. ಎಳೆ ತೆಗೆದಾಗ ಕಡ್ಡಿಯ ಮೇಲೆ ಮೂರು ಕುಣಿಕೆ ಇರುತ್ತವೆ. ಎರಡೆರಡರಂತೆ ಎರಡು ಸಲ ದಾಟಿಸಿದರೆ ಕಂಬ. ಇದನ್ನೇ ಬ್ರಿಟಿಷ್ ಪದ್ಧತಿಯ ಪುಸ್ತಕಗಳು ಟ್ರೆಬಲ್ ಎನ್ನುತ್ತವೆ, ಅಮೆರಿಕನ್ ವಿಡಿಯೊಗಳು ಡಬಲ್ ಎನ್ನುತ್ತವೆ. ಬ್ರಿಟಿಷರ ಡಬಲ್ ಅಮೆರಿಕನ್ನರ ಸಿಂಗಲ್. ಹಳೆಯ ಪುಸ್ತಕ ನೋಡಿ ಹೆಣೆದದ್ದರ ಎತ್ತರ ಹೊಂದದೆ ಹೋದರೆ ಕಾರಣ ಇಷ್ಟೇ ಇರಬಹುದು.

ಖಾಲಿ ಚೌಕ: ಒಂದು ಕಂಬ, 2 ಚೈನ್, ಕೆಳಗೆ 2 ಮನೆ (ಕೆಳಸಾಲಿನ ಹೊಲಿಗೆ) ಬಿಟ್ಟು ಮೂರನೆಯದರಲ್ಲಿ ಮತ್ತೆ ಕಂಬ. ತುಂಬಿದ ಚೌಕ: ಆ 2 ಚೈನ್ ಜಾಗದಲ್ಲಿ 2 ಕಂಬ. ಹಾಗಾಗಿ ಒಂಟಿ ತುಂಬಿದ ಚೌಕಕ್ಕೆ 4 ಕಂಬ, ಅಕ್ಕಪಕ್ಕದ ಮೂರಕ್ಕೆ 10, ಐದಕ್ಕೆ 16.

ಅಡಿಪಾಯದ ಚೈನ್‌ಗೆ ಸೂತ್ರ: ಚೌಕಗಳ ಸಂಖ್ಯೆಯನ್ನು 3ರಿಂದ ಗುಣಿಸಿ. ಮೊದಲ ಚೌಕ ಖಾಲಿಯಾದರೆ 5 ಕೂಡಿಸಿ, ಮೊದಲ ಕಂಬವನ್ನು ಕಡ್ಡಿಯಿಂದ 8ನೇ ಚೈನ್‌ಗೆ ಹಾಕಿ. ಮೊದಲ ಚೌಕ ತುಂಬಿದ್ದಾದರೆ 3 ಕೂಡಿಸಿ, 4ನೇ ಚೈನ್‌ಗೆ ಹಾಕಿ. ನಮ್ಮ ಪಟ್ಟಿಗೆ 7 × 3 + 5 = 26 ಚೈನ್. ಈ 26ನ್ನು ಮಾತ್ರ 1.5 ಮಿ.ಮೀ. ಕಡ್ಡಿಯಲ್ಲಿ ಸಡಿಲವಾಗಿ ಹಾಕಿ, ಆಮೇಲೆ 1.25ಕ್ಕೆ ಬನ್ನಿ, ಇಲ್ಲದಿದ್ದರೆ ಪಟ್ಟಿಯ ಬುಡ ಬಿಗಿದು ಬೀಸಣಿಗೆಯಂತೆ ಅರಳಿಕೊಳ್ಳುತ್ತದೆ.

1ನೇ ಸಾಲು: ಏಳೂ ಖಾಲಿ.
2ನೇ ಸಾಲು: 3 ಖಾಲಿ, 1 ತುಂಬಿದ್ದು, 3 ಖಾಲಿ.
3ನೇ ಸಾಲು: 2 ಖಾಲಿ, 3 ತುಂಬಿದ್ದು, 2 ಖಾಲಿ.
4ನೇ ಸಾಲು: 1 ಖಾಲಿ, 5 ತುಂಬಿದ್ದು, 1 ಖಾಲಿ.
5ನೇ ಸಾಲು 3ರಂತೆ, 6ನೇ ಸಾಲು 2ರಂತೆ. ಮತ್ತೆ 1ರಿಂದ.

ಪ್ರತಿ ಸಾಲು ಮುಗಿದಾಗ 5 ಚೈನ್ ಹಾಕಿ ತಿರುಗಿಸಿ, ಮೊದಲ ಚೌಕ ಬಿಟ್ಟು ಮುಂದಿನ ಕಂಬದ ತಲೆಗೆ ಕಂಬ ಹಾಕಿ. ಆ ಐದರಲ್ಲಿ ಮೂರು ಕಂಬದ ಲೆಕ್ಕ, ಎರಡು ಚೌಕದ ಮೇಲಂಚು. ತಿರುವಿನ ಚೈನನ್ನೂ ಒಂದು ಕಂಬವೆಂದು ಹಿಡಿದರೆ ಆರು ಸಾಲುಗಳಲ್ಲಿ ಕ್ರಮವಾಗಿ 8, 10, 14, 18, 14, 10 ಕಂಬ ಬರಬೇಕು. ಈ ಆರು ಅಂಕಿಗಳನ್ನು ಚೀಟಿಯಲ್ಲಿ ಬರೆದು ದಾರದ ಡಬ್ಬಿಗೆ ಅಂಟಿಸಿ. ಸಾಲು ಮುಗಿದ ಕೂಡಲೇ ಎಣಿಸಿದರೆ ಬಿಚ್ಚುವುದು ಒಂದೇ ಸಾಲು.

ಎಣಿಕೆ ತಪ್ಪುವುದು ಹೆಚ್ಚಾಗಿ ಸಾಲಿನ ಕೊನೆಯಲ್ಲಿ. ಕೊನೆಯ ಕಂಬ ಹಿಂದಿನ ಸಾಲಿನ 5 ಚೈನ್ ತಿರುವಿನಲ್ಲಿ ಬುಡದಿಂದ ಮೂರನೇ ಚೈನ್‌ಗೇ ಚುಚ್ಚಬೇಕು. ಕೆಳಗಿನ ಖಾಲಿ ಜಾಗಕ್ಕೆ ಚುಚ್ಚಿದರೆ ಅಂಚು ಒಳಗೆ ವಾಲುತ್ತದೆ. ಮರೆತೇಬಿಟ್ಟರೆ ಒಂದು ಚೌಕವೇ ಕಳೆದು ಪಟ್ಟಿ ಸೊರಗುತ್ತದೆ. ಅಂಚಿನಲ್ಲಿ ಕಿವಿಗಳಂತೆ ಕುಣಿಕೆ ಎದ್ದು ಕಾಣುತ್ತಿದ್ದರೆ ನಿಮ್ಮ ಚೈನ್ ಕಂಬಕ್ಕಿಂತ ಉದ್ದ ಎಂದರ್ಥ; 5ರ ಬದಲು 4 ಹಾಕಿ, ಬುಡದಿಂದ ಎರಡನೆಯದಕ್ಕೆ ಚುಚ್ಚಿ.

ಚೌಕ ಚೌಕವಾಗಿಯೇ ಬರದಿದ್ದರೆ? 10 ಚೌಕ ಅಗಲ, 10 ಸಾಲು ಎತ್ತರದ ಮಾದರಿ ಹೆಣೆದು ಅಳೆಯಿರಿ. ಎತ್ತರ ಹೆಚ್ಚಾದರೆ ವಜ್ರ ಉದ್ದುದ್ದ ಆಗುತ್ತದೆ. ಇಲ್ಲಿ ಕಡ್ಡಿ ಬದಲಿಸುವುದಕ್ಕಿಂತ ಚುಚ್ಚಿ ಎಳೆದ ಮೊದಲ ಕುಣಿಕೆಯ ಎತ್ತರ ತಿದ್ದುವುದು ಒಳ್ಳೆಯದು. ಕಂಬದ ಎತ್ತರ ತೀರ್ಮಾನವಾಗುವುದೇ ಆ ಕುಣಿಕೆಯಲ್ಲಿ: ಮೇಲಕ್ಕೆ ಎಳೆದರೆ ಕಂಬ ಉದ್ದ, ಕಡ್ಡಿಯನ್ನು ತಗ್ಗಿಸಿಯೇ ಹಿಡಿದರೆ ಗಿಡ್ಡ. ಈ ದಾರಕ್ಕೆ ಇಂಚಿಗೆ ಸುಮಾರು 5 ಚೌಕ ಬರುತ್ತದೆ, ಆದರೆ ಕೈಯಿಂದ ಕೈಗೆ ವ್ಯತ್ಯಾಸ ಇದ್ದೇ ಇದೆ.

ಹೊಸ ದಾರ ಸೇರಿಸುವುದನ್ನು ಸಾಲಿನ ತುದಿಯಲ್ಲೋ ತುಂಬಿದ ಚೌಕದಲ್ಲೋ ಮಾಡಿ. ಖಾಲಿ ಚೌಕದ ಚೈನ್ ಮೇಲೆ ಗಂಟು ಬಿದ್ದರೆ ಗಂಜಿ ಹಾಕಿದ ಮೇಲೆ ಕಾಳಿನಂತೆ ಎದ್ದು ಕಾಣುತ್ತದೆ. ಬಾಲಕ್ಕೆ ಎರಡು ಇಂಚಾದರೂ ಬಿಟ್ಟು, ಸೂಜಿಯಿಂದ ಕಂಬಗಳ ಒಳಗೇ ಹೋಗಿ ಬಂದು ಮುಗಿಸಿ.

ಎರಡು ಅಂಚು, ನಾಲ್ಕು ಮೂಲೆ

ಹೊರಗಿನ ಅಂಚಿಗೆ ಶೆಲ್, ಅಂದರೆ ಚಿಪ್ಪಿನಂತೆ ಅರಳುವ ಕಂಬಗಳ ಗುಂಪು. ಪಟ್ಟಿಯ ಉದ್ದಕ್ಕೆ ಪ್ರತಿ ಸಾಲಿನ ತುದಿಯಲ್ಲೂ ಒಂದು ಸಂದು ಇರುತ್ತದೆ: ಒಂದು ಸಂದಿಗೆ 1 ಸಿಂಗಲ್, ಮುಂದಿನದಕ್ಕೆ 5 ಕಂಬ, ಹೀಗೆ. ಆರು ಸಾಲಿಗೆ, ಅಂದರೆ ಒಂದು ವಜ್ರಕ್ಕೆ, ಸರಿಯಾಗಿ ಮೂರು ಶೆಲ್ ಬರುತ್ತದೆ. ನಡುವಿನ ಕಂಬದ ಮೇಲೆ 3 ಚೈನ್ ಹಾಕಿ ಅದೇ ಕಂಬದ ತಲೆಗೆ ಸಿಕ್ಕಿಸಿದರೆ ಸಣ್ಣ ಮೊಗ್ಗು. ಬಟ್ಟೆಗೆ ಹೊಲಿಯುವ ಕಡೆ ಪ್ರತಿ ಸಂದಿಗೆ 3 ಸಿಂಗಲ್. ಪಟ್ಟಿ ಅಲೆಅಲೆಯಾಗಿ ಎದ್ದರೆ ಒಂದು ಬಿಟ್ಟು ಒಂದು ಸಂದಿಗೆ 2 ಹಾಕಿ.

ಹೊಲಿಯುವ ಮೊದಲು ಬಟ್ಟೆಯನ್ನೂ ಲೇಸನ್ನೂ ಬೇರೆ ಬೇರೆ ತೊಳೆದು ಒಣಗಿಸಿ. ಹೊಸ ಹತ್ತಿ ಬಟ್ಟೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಲೇಸು ಸುಕ್ಕುಗಟ್ಟಿ ನಿಲ್ಲುತ್ತದೆ, ಆಗ ಇಸ್ತ್ರಿಯಿಂದಲೂ ಸರಿಹೋಗದು. ಕೆಂಪು, ಮರೂನ್ ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ಬಣ್ಣ ಬಿಡುತ್ತದೆಯೋ ನೋಡಿ.

ಮೂಲೆಯಲ್ಲಿ ಲೇಸು ಮಡಚಿಕೊಳ್ಳದೆ ತಿರುಗಬೇಕಾದರೆ ಪಟ್ಟಿಯ ಅಗಲದ ಎರಡರಷ್ಟು ಉದ್ದವನ್ನು ಅಲ್ಲಿ ನೆರಿಗೆಯಾಗಿ ಸೇರಿಸಬೇಕು. ಶೆಲ್ ಸೇರಿ ಅಗಲ ಒಂದೂಮುಕ್ಕಾಲು ಇಂಚು ಎಂದಿಟ್ಟುಕೊಂಡರೆ ಮೂಲೆಗೆ ಮೂರೂವರೆ ಇಂಚು. 12 ಇಂಚಿನ ಚೌಕ ಬಟ್ಟೆಗೆ ಸುತ್ತಳತೆ 48, ಮೂಲೆಗಳಿಗೆ 14, ಒಟ್ಟು 62 ಇಂಚು. ಸುಮಾರು 52 ವಜ್ರ. 6ನೇ ಸಾಲಿಗೆ ನಿಲ್ಲಿಸಿ ಅದರ ತಲೆಯನ್ನು ಮೊದಲ ಚೈನ್ ಸಾಲಿಗೆ ಸೂಜಿಯಲ್ಲಿ ಜೋಡಿಸಿದರೆ ಸೇರಿದ ಜಾಗ ಹುಡುಕಿದರೂ ಸಿಗುವುದಿಲ್ಲ.

ಗಂಜಿ ಮತ್ತು ಮಳೆಗಾಲ

ಸಬ್ಬಕ್ಕಿ ಗಂಜಿ ಪಾರದರ್ಶಕವಾಗಿರುವುದರಿಂದ ಲೇಸಿಗೆ ಅದೇ ಮೇಲು. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಬ್ಬಕ್ಕಿ, ಕಾಳು ಪೂರ್ತಿ ಕರಗಿ ತಿಳಿಯಾಗುವವರೆಗೆ ಕುದಿಸಿ ಬಟ್ಟೆಯಲ್ಲಿ ಸೋಸಿ. ಅನ್ನದ ಗಂಜಿಯಾದರೆ ಉಪ್ಪು ಹಾಕುವ ಮೊದಲೇ ತೆಗೆದಿಡಿ, ನೀರು ಬೆರೆಸಿ ತೆಳುಮಾಡಿ. ಕೆಂಪು ಕುಚ್ಚಲಕ್ಕಿಯ ಗಂಜಿ ಬಿಳಿ ಲೇಸಿನ ಬಣ್ಣ ಮಂಕು ಮಾಡುತ್ತದೆ. ಗಂಜಿ ದಪ್ಪವಾದರೆ ಚೌಕದ ಕಣ್ಣುಗಳಲ್ಲಿ ಪೊರೆ ಕಟ್ಟುತ್ತದೆ. ಹಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು.

ಥರ್ಮೋಕೋಲ್ ಹಲಗೆಯ ಮೇಲೆ ಚೌಕುಳಿ ಹಾಳೆ, ಅದರ ಮೇಲೆ ಶಾಯಿ ಹತ್ತದಂತೆ ಪ್ಲಾಸ್ಟಿಕ್ ಹಾಳೆ, ಮೇಲೆ ಒದ್ದೆ ಲೇಸು. ತುಕ್ಕು ಹಿಡಿಯದ ಗುಂಡುಸೂಜಿಯಿಂದ ಮೊದಲು ಎರಡು ತುದಿ, ಆಮೇಲೆ ಪ್ರತಿ ವಜ್ರದ ಎರಡು ಬದಿ, ಕೊನೆಗೆ ಒಂದೊಂದು ಮೊಗ್ಗು ಚುಚ್ಚಿ. ಆಷಾಢದಲ್ಲಿ ಒಣಗಲಿ ಎಂದು ಬಚ್ಚಲ ಒಲೆಯ ಮೇಲೆ ಹರವಿದರೆ ಹೊಗೆ ಕುಡಿದು ಹಳದಿಯಾಗುತ್ತದೆ. ಫ್ಯಾನಿನ ಕೆಳಗೆ ನಿಧಾನ ಒಣಗಲಿ.

ಎತ್ತಿಡುವ ಲೇಸಿಗೆ ಗಂಜಿ ಇರಲೇಬಾರದು. ಜೂನ್ ಬರುವ ಮೊದಲು ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ. ಗಂಜಿ ಬೂಷ್ಟಿಗೂ ಬೆಳ್ಳಿಹುಳಕ್ಕೂ ಊಟ. ಮಡಚುವ ಬದಲು ಹಳೆಯ ಬಿಳಿ ಪಂಚೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಪತ್ರಿಕೆಯ ಕಾಗದ ಹಳದಿ ಕಲೆ ಬಿಡುತ್ತದೆ. ತುಕ್ಕಿನ ಕಲೆ ಬಿದ್ದರೆ ಬ್ಲೀಚ್ ಹಾಕಬೇಡಿ, ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಳಿ ದಾರಕ್ಕೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಚೆನ್ನಾಗಿ ತೊಳೆಯಿರಿ.

ದಾಟಿಸುವುದು

ಫೋನಿನ ಫೋಟೋ ನೋಡಿ ಲೇಸು ಕಲಿಯುವುದು ಕಷ್ಟ. ಚೌಕದ ಅಂಚು ಎಲ್ಲಿ ಮುಗಿಯಿತು, ತಿರುವು ಹೇಗಾಯಿತು, ಎರಡೂ ಕಾಣುವುದಿಲ್ಲ. ಮಾದರಿ ಕೊಡುವಾಗ ಮೂರು ವಸ್ತು ಕೊಡಿ. ಒಂದು, ಎರಡು ವಜ್ರದ ತುಂಡು (ಒಂದೇ ಕೊಟ್ಟರೆ ಮುಂದಿನದು ಎಲ್ಲಿ ಶುರು ಎಂದು ತಿಳಿಯದು). ಎರಡು, ಸಾಲಿನ ನಡುವೆ ನಿಲ್ಲಿಸಿ ಕುಣಿಕೆಗೆ ಸೇಫ್ಟಿ ಪಿನ್ ಹಾಕಿದ ತುಂಡು, ಅವರೇ ಬಿಚ್ಚಿ ಮತ್ತೆ ಹೆಣೆಯಲು. ಮೂರು, ಚೌಕುಳಿ ಹಾಳೆ: ತುಂಬಿದ್ದಕ್ಕೆ ×, ಖಾಲಿಗೆ ಖಾಲಿ, ಬೆಸ ಸಾಲು ಬಲದಿಂದ ಎಡಕ್ಕೆ, ಸಮ ಸಾಲು ಎಡದಿಂದ ಬಲಕ್ಕೆ ಎಂದು ಬಾಣ. ದಾರದ ನಂಬರ್, ಕಡ್ಡಿಯ ಮಿ.ಮೀ. ಅದೇ ಹಾಳೆಯಲ್ಲಿ ಇರಲಿ.

ಕಲಿಸುವಾಗ ಎದುರು ಕೂರಬೇಡಿ, ಪಕ್ಕ ಕೂರಿ. ಎಡಗೈಯವರಿಗೆ ಮಾತ್ರ ಎದುರು, ಅವರಿಗೆ ಅದು ಕನ್ನಡಿಯಾಗುತ್ತದೆ. ಮೊದಲ ಪಾಠಕ್ಕೆ ಸಣ್ಣ ದಾರ ಬೇಡ. ತಿಳಿ ಬಣ್ಣದ ಉಲ್ಲನ್, 4 ಮಿ.ಮೀ. ಕಡ್ಡಿ ಕೊಟ್ಟರೆ ಕುಣಿಕೆ ಕಣ್ಣಿಗೆ ಕಾಣುತ್ತದೆ. ಮೋಡದ ದಿನಗಳಲ್ಲಿ ಬಿಳಿ ದಾರದ ಕೆಳಗೆ ಮಡಿಲಲ್ಲಿ ಕಪ್ಪು ಬಟ್ಟೆ ಹಾಸಿಕೊಳ್ಳಿ.

ಹೊಸ ವಿನ್ಯಾಸ ಬೇಕೆಂದವರು ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹಸೆ ಚಿತ್ತಾರ ನೋಡಬಹುದು. ಗೆರೆ, ವಜ್ರ, ಚೌಕಗಳ ಆ ಚಿತ್ರಗಳು ಫಿಲೆಗೆ ಒಗ್ಗುತ್ತವೆ, ಒಂದು ತೊಡಕು ಬಿಟ್ಟು: ಓರೆ ಗೆರೆ ಇಲ್ಲಿ ಮೆಟ್ಟಿಲಾಗುತ್ತದೆ, ಒಂದೇ ಚೌಕ ದಪ್ಪದ ಓರೆಗೆರೆ ಮೂಲೆಯಲ್ಲಷ್ಟೇ ತಾಗಿ ಕಡಿದಂತೆ ಕಾಣುತ್ತದೆ. ಪ್ರತಿ ಸಾಲಿನಲ್ಲಿ ಎರಡು ಚೌಕ ತುಂಬಿಸಿ, ಒಂದೊಂದೇ ಸರಿಸಿ. ವಿನ್ಯಾಸ ಎಲ್ಲಿಂದ, ಯಾರದ್ದು ಎಂದು ಹಾಳೆಯ ಕೆಳಗೆ ಬರೆಯುವುದನ್ನು ಬಿಡಬೇಡಿ. ಅದು ಮದುವೆ ಮನೆಯ ಗೋಡೆಗೆ ಹೆಂಗಸರು ಬರೆಯುತ್ತ ಬಂದ ಚಿತ್ರ.

ನಾಲ್ಕಾರು ಜನ ಸೇರಿ ಒಂದೇ ದೊಡ್ಡ ಬಟ್ಟೆ ಮಾಡುವುದಾದರೆ ಉದ್ದ ಪಟ್ಟಿಯನ್ನು ಹಂಚಿಕೊಳ್ಳಬೇಡಿ. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಸೇರಿಸಿದ ಜಾಗದಲ್ಲಿ ಪಟ್ಟಿ ಸೊಟ್ಟಗಾಗುತ್ತದೆ. ಬಿಡಿಯಾಗಿ ಹೆಣೆಯುವ ಚೌಕಾಕಾರದ ತುಂಡುಗಳನ್ನು ಹಂಚಿ, ಎಲ್ಲವನ್ನೂ ಒಂದೇ ಗುರುತು ಹಾಳೆಯ ಮೇಲೆ ಚುಚ್ಚಿ ಒಣಗಿಸಿ, ಆಮೇಲೆ ಜೋಡಿಸಿ. ಕಾಲು ಇಂಚಿಗಿಂತ ಹೆಚ್ಚು ಎಳೆದರಷ್ಟೇ ಅಳತೆಗೆ ಬರುವ ತುಂಡನ್ನು ಪಕ್ಕಕ್ಕಿಡಿ. ಮೊದಲ ತೊಳೆತಕ್ಕೇ ಅದು ತನ್ನ ಅಳತೆಗೆ ಮರಳಿ ಸುತ್ತಲಿನ ನಾಲ್ಕು ಚೌಕಗಳನ್ನೂ ಜಗ್ಗುತ್ತದೆ.