ಮಳೆಗಾಲದ ಸಂಜೆ, ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ: ಕೇಳಿಸಿ ಅಭಿಪ್ರಾಯ ಪಡೆಯುವ ಬಗೆ

ಒಂದು ಆಲ್ಬಂ ಕೇಳಿಸಿ "ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ, ಇಲ್ಲ "ತಲೆನೋವು" ಅನ್ನುತ್ತಾರೆ. ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ. ಅವರ ಕಿವಿಗೆ ಏನು ಬಿತ್ತು, ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಎದ್ದು ಹೋಗೋಣ ಅನ್ನಿಸಿತು, ಅದು ಬೇಕು. ಅದು ತಾನಾಗಿ ಬರುವುದಿಲ್ಲ, ಸ್ವಲ್ಪ ತಯಾರಿ ಬೇಕು.

ವಿರಾಜಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಮೂರು ಮಳೆಗಾಲದಿಂದ ನೆಂಟರನ್ನು, ಅಕ್ಕಪಕ್ಕದವರನ್ನು ಕೂರಿಸಿ ಆಲ್ಬಂ ಕೇಳಿಸುತ್ತಿದ್ದೇನೆ. ಜಾಸ್ತಿ ಸಲ ಕೇಳಿಸಿದ್ದು ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ಬ್ಯಾಂಡಿನ ಮೊದಲ ಆಲ್ಬಂ, ಬ್ಯಾಂಡಿನ ಹೆಸರೇ ಅದಕ್ಕೂ ಇದೆ. ಬರ್ಮಿಂಗ್‌ಹ್ಯಾಮಿನ ನಾಲ್ಕು ಹುಡುಗರು ಮಾಡಿದ್ದು, ಇಂಗ್ಲೆಂಡಿನಲ್ಲಿ ಹೊರಬಂದಿದ್ದು 1970ರ ಫೆಬ್ರವರಿ 13ರಂದು, ಶುಕ್ರವಾರ. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇದು ಶುರುವಾಗುವುದೇ ಮಳೆಯಿಂದ. ಮಳೆ ಸುರಿಯುತ್ತದೆ, ಗುಡುಗುತ್ತದೆ, ದೂರದಲ್ಲಿ ಒಂದು ಗಂಟೆ ಬಿಟ್ಟು ಬಿಟ್ಟು ಹೊಡೆಯುತ್ತದೆ. ಕೊಡಗಿನ ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಹೊರಗೆ ನಿಜವಾದ ಮಳೆ ಬೀಳುತ್ತಿರುವಾಗ, ಇದನ್ನು ಕೇಳುವ ಭಾಗ್ಯ ನಮಗಿದೆ. ಬೆಂಗಳೂರಿನಲ್ಲಿ ಫ್ಲ್ಯಾಟ್‌ನೊಳಗೆ ಕೂತು ಕೇಳುವವರಿಗೆ ಇದು ಸಿಗುವುದಿಲ್ಲ.

ಮೊದಲು ಸಾಮಾನಿನ ವಿಷಯ. ಆಲ್ಬಂ ಸುಮಾರು 38 ನಿಮಿಷ. ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಏಕೆಂದರೆ ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ, ಯುಪಿಎಸ್ ಎರಡು ದಿನ ತಡೆಯುವುದಿಲ್ಲ. ಸ್ಪೀಕರ್ ಪೂರ್ತಿ ಚಾರ್ಜ್ ಮಾಡಿಡಿ. ಯಾವ ಆವೃತ್ತಿ ಅಂತ ನೋಡಿಕೊಳ್ಳಿ: ಇಂಗ್ಲೆಂಡಿನ ಮೂಲ ಎಲ್‌ಪಿಯಲ್ಲಿ (ಎರಡು ಬದಿಯ ಗ್ರಾಮಫೋನ್ ತಟ್ಟೆ) ಎರಡನೇ ಬದಿ ಶುರುವಾಗುವುದು 'ಈವಿಲ್ ವುಮನ್' ಹಾಡಿನಿಂದ, ಅಮೆರಿಕದ ಎಲ್‌ಪಿಯಲ್ಲಿ ಆ ಜಾಗದಲ್ಲಿ 'ವಿಕೆಡ್ ವರ್ಲ್ಡ್' ಇತ್ತು. ಒಬ್ಬರು ಒಂದನ್ನು ಕೇಳಿ, ಇನ್ನೊಬ್ಬರು ಇನ್ನೊಂದನ್ನು ಕೇಳಿ ಅಭಿಪ್ರಾಯ ಕೊಟ್ಟರೆ ಎರಡೂ ತಾಳೆಯಾಗುವುದಿಲ್ಲ.

ಸ್ಪೀಕರ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಂಗೈಯಷ್ಟು ಸ್ಪೀಕರಿನಲ್ಲಿ ಈ ಆಲ್ಬಂ ಕೇಳಿಸಬೇಡಿ. 'ಎನ್.ಐ.ಬಿ.' ಹಾಡಿಗೆ ಮುಂಚೆ ಬ್ಯಾಂಡಿನ ಗೀಝರ್ ಬಟ್ಲರ್ ಒಬ್ಬರೇ ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ನುಡಿಸುತ್ತಾರೆ. ಸಣ್ಣ ಸ್ಪೀಕರಿನಲ್ಲಿ ಅದು ಡಬ್ಬಿಯೊಳಗೆ ಜೇನು ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಮೊದಲ ವರ್ಷ ನಮ್ಮ ಮನೆಯಲ್ಲಿ ನಾಲ್ಕು ಜನ ಆ ಭಾಗ "ಬೋರ್" ಅಂತ ಬರೆದರು. ಮುಂದಿನ ವರ್ಷ ಭಾವನ ಮನೆಯಿಂದ ದೊಡ್ಡ ಸ್ಪೀಕರ್ ತಂದು ಮರದ ಬೆಂಚಿನ ಮೇಲಿಟ್ಟೆವು, ಕೂತವರ ತೊಡೆಗೆ ಅದರುವುದು ಗೊತ್ತಾಗುತ್ತಿತ್ತು. ಅದೇ ನಾಲ್ವರಲ್ಲಿ ಮೂವರಿಗೆ ಅದೇ ಭಾಗ ಎಲ್ಲಕ್ಕಿಂತ ಇಷ್ಟವಾಯಿತು. ಹಾಗಾದರೆ ಮೊದಲ ವರ್ಷ ಅವರು ಅಭಿಪ್ರಾಯ ಕೊಟ್ಟಿದ್ದು ಸ್ಪೀಕರಿಗೆ ಅಲ್ವಾ? ಶೀಟಿನ ಮಾಡಿನ ಕೆಳಗೆ ಕೂರಿಸಬೇಡಿ. ಮಳೆ ಜೋರಾದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಹೆಂಚಿನ ಮನೆಯ ಒಳಕೋಣೆ ಒಳ್ಳೆಯದು. ಮಳೆಯ ಸದ್ದು ಇರುತ್ತದೆ, ಆದರೆ ಹಾಡನ್ನು ನುಂಗುವುದಿಲ್ಲ.

ಯಾರನ್ನು ಕರೆಯಬೇಕು? ಆರು ಜನಕ್ಕಿಂತ ಜಾಸ್ತಿ ಬೇಡ. ರಾಕ್ ಚೆನ್ನಾಗಿ ಗೊತ್ತಿರುವವರು ಒಬ್ಬರು ಸಾಕು. ಬೇರೆ ಸಂಗೀತದಲ್ಲಿ ಕಿವಿ ಪಳಗಿದವರು ಒಬ್ಬರು ಇರಲಿ, ಶಾಸ್ತ್ರೀಯ ಕಲಿತವರಾಗಲಿ, ವಾಲಗಕ್ಕೆ ಕುಣಿದು ಬೆಳೆದವರಾಗಲಿ. ಇಂಗ್ಲಿಷ್ ಹಾಡು ಎಂದರೆ ಮೂಗು ಮುರಿಯುವ ಹಿರಿಯರೊಬ್ಬರು ಖಂಡಿತ ಇರಲಿ. ಅವರು ಯಾರ ಮುಲಾಜೂ ಇಲ್ಲದೆ ಹೇಳುತ್ತಾರೆ. ರಾಕ್ ಗೊತ್ತಿರುವವರಿಗೆ ಮೊದಲೇ ಹೇಳಿಬಿಡಿ, ನಿಮ್ಮ ಸರದಿ ಕೊನೆಗೆ ಅಂತ. ಯಾಕೆಂದರೆ ಅವರು ಬಾಯಿ ತೆರೆದ ಕೂಡಲೇ "ಹೆವಿ ಮೆಟಲ್ ಎಂಬ ಜೋರು, ಭಾರದ ರಾಕ್ ಹುಟ್ಟಿದ್ದೇ ಇಲ್ಲಿಂದ" ಅನ್ನುತ್ತಾರೆ, ಆಮೇಲೆ ಉಳಿದವರೆಲ್ಲ ತಲೆಯಾಡಿಸಿ ಸುಮ್ಮನಾಗುತ್ತಾರೆ.

ಕೇಳಿಸುವ ಮುಂಚೆ ಏನೂ ಹೇಳಬೇಡಿ. ನಾನು ಇದರಲ್ಲಿ ಒಮ್ಮೆ ತಪ್ಪು ಮಾಡಿದೆ. ಹೊದಿಕೆಯ ಚಿತ್ರ ತೋರಿಸಿದೆ, ಹಳೆಯ ನೀರಿನ ಗಿರಣಿಯ ಮುಂದೆ ಕಪ್ಪು ಬಟ್ಟೆ ತೊಟ್ಟ ಹೆಂಗಸೊಬ್ಬಳು ನಿಂತಿರುವ ಚಿತ್ರ ಅದು. ಭಯ ಹುಟ್ಟಿಸುವ ಆಲ್ಬಂ ಅಂತಲೂ ಹೇಳಿದೆ. ಆ ದಿನ ಬಂದ ಎಲ್ಲ ಚೀಟಿಯಲ್ಲೂ "ಭಯ ಆಯಿತು" ಅಂತಲೇ ಇತ್ತು. ನನ್ನ ಮಾತೇ ನನಗೆ ವಾಪಸ್ ಬಂತು. ಇಡೀ ಸಂಜೆ ದಂಡವಾಯಿತು.

ಕಾಫಿ, ತಿಂಡಿ ಮೊದಲೇ ಮುಗಿಸಿ. ಅಕ್ಕಿ ರೊಟ್ಟಿ ಮುರಿಯುತ್ತಾ ಕೇಳಿದರೆ ಅರ್ಧ ಗಮನ ಚಟ್ನಿಯ ಮೇಲೆ. ಎಲ್ಲರ ಕೈಗೂ ಒಂದೊಂದು ಹಾಳೆ, ಪೆನ್ನು ಕೊಡಿ, ಹಳೆಯ ಕ್ಯಾಲೆಂಡರಿನ ಹಿಂಬದಿ ಆದರೂ ಆಗುತ್ತದೆ. ಫೋನು ಒಂದೇ ಕಡೆ ಇರಲಿ, ಹಾಡು ಎಷ್ಟನೇ ನಿಮಿಷದಲ್ಲಿದೆ ಅಂತ ಎಲ್ಲರಿಗೂ ಕಾಣುವ ಹಾಗೆ. ಏನಾದರೂ ಅನ್ನಿಸಿದ ಕೂಡಲೇ ನಿಮಿಷ ಬರೆದು ಪಕ್ಕದಲ್ಲಿ ಒಂದೆರಡು ಪದ ಬರೆಯಲಿ, ಸಾಕು. ಬರೆಯಲು ಬಾರದವರು, ಬರೆಯಲು ಮನಸ್ಸಿಲ್ಲದವರು ನಿಮ್ಮ ಕಿವಿಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಅವರು ಹೇಳಿದ ಪದವನ್ನೇ ಬರೆಯಬೇಕು, ಅದನ್ನು ಚೆಂದ ಮಾಡಲು ಹೋಗಬೇಡಿ. ಹಾಡು ಮುಗಿಯುವ ತನಕ ಯಾರೂ ಮಾತಾಡಬಾರದು. ಇದೊಂದು ನಿಯಮದಲ್ಲಿ ನಾನು ಕಟ್ಟುನಿಟ್ಟು.

ಹೋದ ಸಲ ಆದದ್ದನ್ನು ಹೇಳುತ್ತೇನೆ, ಇದರ ಬೆಲೆ ಗೊತ್ತಾಗುತ್ತದೆ. ಪ್ಲೇ ಒತ್ತಿದೆ. ಹೊರಗೆ ಮಳೆ, ಒಳಗೆ ಮಳೆ. ದೊಡ್ಡಮ್ಮ ಇನ್ನೂ ಶುರುವಾಗಿಲ್ಲ ಅಂದುಕೊಂಡು ಸೆರಗು ಸರಿ ಮಾಡಿಕೊಳ್ಳುತ್ತಾ ಕೂತಿದ್ದರು. ಗಂಟೆ ಹೊಡೆಯಿತು. ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದರು, ಸ್ಪೀಕರಿನ ಕಡೆ ಅಲ್ಲ. ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದರು, "ಅದೆಂಥ ಗಂಟೆ, ಈ ಹೊತ್ತಲ್ಲಿ?" ಪಕ್ಕದ ಮನೆಯ ಆಂಟಿ ಚರ್ಚಿಗೆ ಹೋಗುವವರು. ಅವರ ಹಾಳೆಯಲ್ಲಿ ಇದ್ದದ್ದು, "ಸಾವಿನ ಗಂಟೆ. ಒಂದು ಹೊಡೆದು ಬಿಡುವುದು, ಮತ್ತೆ ಒಂದು." ಒಂದೇ ಸದ್ದು ಒಬ್ಬರನ್ನು ಬಾಗಿಲಿಗೆ ಕಳಿಸಿತು, ಇನ್ನೊಬ್ಬರನ್ನು ಸಾವಿನ ಮನೆಗೆ. ಹೀಗೆ ಸಿಕ್ಕಿದ್ದನ್ನೇ ನಾನು ಅಭಿಪ್ರಾಯ ಅನ್ನುವುದು.

ಆಮೇಲೆ ಟೋನಿ ಅಯೋಮಿಯ ಗಿಟಾರ್ ಬರುತ್ತದೆ. ಮೂರೇ ಸ್ವರ. ಚಿಕ್ಕಮ್ಮ ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಸಂಗೀತ ಕಲಿತವರು, ರಾಕ್ ಅಂದರೆ ಅವರಿಗೆ ಏನೂ ಗೊತ್ತಿಲ್ಲ. ಅವರು ಬರೆದರು: "ಸ, ಮೇಲಿನ ಸ, ಕೆಳಗೆ ಬಂದು ಪ್ರತಿ ಮಧ್ಯಮ. ಅಲ್ಲೇ ನಡುಗಿಸುತ್ತಾನೆ. ಪಂಚಮಕ್ಕೆ ಹೋಗುವುದೇ ಇಲ್ಲ, ಕಾಯಿಸುತ್ತಾನೆ." ಸ ಮತ್ತು ಪ್ರತಿ ಮಧ್ಯಮದ ನಡುವಿನ ಈ ಅಂತರವನ್ನೇ ರಾಕ್ ಬಗ್ಗೆ ಬರೆಯುವವರು ಟ್ರೈಟೋನ್ ಅನ್ನುತ್ತಾರೆ. ಕಲ್ಯಾಣಿ ರಾಗ ಹಾಡುವವರ ಬಾಯಲ್ಲಿ ದಿನಾ ಓಡಾಡುವ ಸ್ವರ ಇಲ್ಲಿ ಯಾಕೆ ಮೈ ಜುಮ್ ಅನ್ನಿಸುತ್ತದೆ ಎಂಬುದಕ್ಕೆ "ಕಾಯಿಸುತ್ತಾನೆ" ಎಂಬ ಒಂದು ಪದದಷ್ಟು ಒಳ್ಳೆಯ ಉತ್ತರ ನನಗೆ ಇದುವರೆಗೆ ಎಲ್ಲೂ ಸಿಕ್ಕಿಲ್ಲ.

'ದಿ ವಿಝರ್ಡ್' ಶುರುವಾಗುವುದು ಬ್ಯಾಂಡಿನ ಗಾಯಕ ಓಝಿ ಆಸ್ಬೋರ್ನ್ ನುಡಿಸುವ ಮೌತ್ ಆರ್ಗನ್‌ನಿಂದ. ಸೈನ್ಯದಿಂದ ನಿವೃತ್ತರಾದ ಮಾವ ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದರು, ಅಲ್ಲಿ ಪೆನ್ನು ತೆಗೆದುಕೊಂಡರು. ರೆಜಿಮೆಂಟಿನಲ್ಲಿ ರಾತ್ರಿ ಹೊತ್ತು ಒಬ್ಬ ಹೀಗೇ ಊದುತ್ತಿದ್ದನಂತೆ. ತಮ್ಮ ಬರೆದದ್ದು ಬಿಲ್ ವಾರ್ಡ್‌ನ ಡ್ರಮ್ಸ್ ಬಗ್ಗೆ: "ಬರೀ ಹೊಡೆಯುತ್ತಿಲ್ಲ, ಕುಣಿಸುತ್ತಿದ್ದಾನೆ." ವಾರ್ಡ್ ಜಾಝ್ ಡ್ರಮ್ಮರ್‌ಗಳನ್ನು ಕೇಳಿ ಬೆಳೆದವರು ಅಂತ ತಮ್ಮನಿಗೆ ಗೊತ್ತೇ ಇರಲಿಲ್ಲ.

ಇಷ್ಟವಾಗದ್ದನ್ನೂ ಅಷ್ಟೇ ಜೋಪಾನವಾಗಿ ಬರೆದುಕೊಳ್ಳಿ. ಕೊನೆಯ 'ವಾರ್ನಿಂಗ್' 10 ನಿಮಿಷದ ಮೇಲಿದೆ, ನಡುವೆ ಗಿಟಾರ್ ತನ್ನ ಪಾಡಿಗೆ ತಾನು ಹೋಗುತ್ತದೆ. ಅಲ್ಲಿ ನಮ್ಮ ಮನೆಯಲ್ಲಿ ಪ್ರತಿ ಸಲ ಯಾರಾದರೂ ಆಕಳಿಸುತ್ತಾರೆ. ನನಗೂ ಆ ಭಾಗ ಉದ್ದ ಅಂತಲೇ ಅನ್ನಿಸುತ್ತದೆ. 'ಈವಿಲ್ ವುಮನ್' ಬಂದಾಗ ಮಾವ "ಇದು ಬೇರೆಯವರ ಹಾಡಿನ ಹಾಗಿದೆ" ಅಂದರು. ನಿಜಕ್ಕೂ ಅದು ಬೇರೆಯವರದ್ದೇ, ಕ್ರೋ ಎಂಬ ಅಮೆರಿಕದ ಬ್ಯಾಂಡಿನ ಹಾಡು. ಮಾವನಿಗೆ ಯಾರೂ ಹೇಳಿರಲಿಲ್ಲ. ಅದನ್ನು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮುಗಿದ ಮೇಲೆ ಹಾಳೆಗಳನ್ನು ತೆಗೆದುಕೊಂಡುಬಿಡಿ. ಆಮೇಲೆ ಮಾತು. "ಇಷ್ಟವಾಯಿತಾ?" ಬೇಡ. ಯಾವುದು ಮೊದಲು ಕಿವಿಗೆ ಬಿತ್ತು, ಎಲ್ಲಿ ಎದ್ದು ಹೋಗಬೇಕು ಅನ್ನಿಸಿತು, ಯಾವ ತುಂಡು ಇನ್ನೊಮ್ಮೆ ಹಾಕಲಿ, ಇಷ್ಟು ಕೇಳಿ. ಮೂರನೆಯದಕ್ಕೆ ಬರುವ ಉತ್ತರ ಎಲ್ಲಕ್ಕಿಂತ ನಂಬಬಹುದಾದದ್ದು. ಬಾಯಲ್ಲಿ ಬೈದವರೂ ಆಗ ಒಂದು ತುಂಡು ಕೇಳುತ್ತಾರೆ.

ಈಗ ಕಥೆ ಹೇಳಿ. 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಒಟ್ಟಿಗೆ ನಿಂತು ನುಡಿಸಿ ಮುಗಿಸಿದ್ದರು, ಮಳೆ ಮತ್ತು ಗಂಟೆ ಆಮೇಲೆ ಸೇರಿದ್ದು. ಅಯೋಮಿ ಎಡಗೈಯವರು, ತಂತಿ ಒತ್ತುವುದು ಬಲಗೈ. 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಅದೇ ಕೈಯ ಎರಡು ಬೆರಳಿನ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿ ನುಡಿಸಿದರು. ಇದನ್ನು ಹೇಳಿದಾಗ, ಮರದ ಮಿಲ್ಲಿನಲ್ಲಿ ಕೆಲಸ ಮಾಡುವ ಅಣ್ಣ ತನ್ನ ಕೈ ಒಮ್ಮೆ ನೋಡಿಕೊಂಡು, "ಮೊದಲನೆಯದು ಇನ್ನೊಮ್ಮೆ ಹಾಕು" ಅಂದ. ಎರಡನೇ ಸಲ ಕೇಳಿದ ಮೇಲೆ ಅವನ ಅಭಿಪ್ರಾಯ ಪೂರ್ತಿ ಬದಲಾಯಿತು. ಎರಡೂ ಅವನದ್ದೇ, ಎರಡೂ ನಿಜ, ಆದರೆ ಬೇರೆ ಬೇರೆ ಹಾಳೆಯಲ್ಲಿರಬೇಕು. ಮೊದಲನೆಯದು ಹಾಡಿಗೆ, ಎರಡನೆಯದರಲ್ಲಿ ಆ ಬೆರಳೂ ಸೇರಿದೆ.

ಕಾಲ ಕಳೆದ ಹಾಗೆ ಅಭಿಪ್ರಾಯ ತಿರುಗುತ್ತದೆ ಅಂತಲೂ ಹೇಳಿ. 1970ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಈ ಆಲ್ಬಂ ಅನ್ನು ಕ್ರೀಮ್ ಬ್ಯಾಂಡಿಗೆ ಹೋಲಿಸಿ, ಅದಕ್ಕಿಂತ ಕೀಳು ಅಂತ ತೆಗೆದುಹಾಕಿದ್ದರು. ಜನ ಮಾತ್ರ ಕೊಂಡರು, ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ 8ನೇ ಸ್ಥಾನ, ಅಮೆರಿಕದಲ್ಲಿ 23. ಅದೇ ಪತ್ರಿಕೆ 2017ರಲ್ಲಿ 100 ಶ್ರೇಷ್ಠ ಮೆಟಲ್ ಆಲ್ಬಂಗಳ ಪಟ್ಟಿ ಮಾಡಿದಾಗ ಇದೂ ಅದರಲ್ಲಿತ್ತು. ನಿಮ್ಮ ಮನೆಯ ಮಾವ ಇವತ್ತು ಬೈದರೆ ಬೇಜಾರು ಬೇಡ.

ಬರೆದು ಹಂಚುವಾಗ ಅಭಿಪ್ರಾಯ ಯಾವುದು, ಸಂಗತಿ ಯಾವುದು ನೋಡಿ. "ಗಿಟಾರ್ ಭಾರವಾಗಿದೆ" ಅಭಿಪ್ರಾಯ. "ತಂತಿ ಸಡಿಲ ಮಾಡಿ ಶ್ರುತಿ ಇಳಿಸಿದ್ದಕ್ಕೆ ಭಾರ" ಎಂಬುದು ಸಂಗತಿಯ ಮಾತು, ಈ ಆಲ್ಬಂ ಮಟ್ಟಿಗೆ ಅದು ತಪ್ಪು. ಅಷ್ಟು ಶ್ರುತಿ ಇಳಿಸಿದ್ದು 1971ರ ಮೂರನೇ ಆಲ್ಬಂನಲ್ಲಿ. ನಕ್ಷತ್ರ, ಅಂಕ ಕೊಡಬೇಡಿ. ಐದಕ್ಕೆ ಮೂರೂವರೆ ಅಂದರೆ ದೊಡ್ಡಮ್ಮ ಬಾಗಿಲ ಕಡೆ ನೋಡಿದ್ದು ಅದರಲ್ಲಿ ಎಲ್ಲಿದೆ?

ಇನ್ನೊಂದು ಎಚ್ಚರ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್‌ನಲ್ಲಿ ಈ ನಾಲ್ವರೂ ಕೊನೆಯ ಬಾರಿ ಒಟ್ಟಿಗೆ ನುಡಿಸಿದರು, ಜುಲೈ 22ರಂದು ಓಝಿ ತೀರಿಕೊಂಡರು. ಅದು ಗೊತ್ತಿರುವವರು ಈಗ ಅವರ ದನಿಯ ಬಗ್ಗೆ ಒಂದು ಕೆಟ್ಟ ಮಾತೂ ಆಡುವುದಿಲ್ಲ. ನನಗೂ ಆ ವಾರ ಈ ಆಲ್ಬಂ ಹಾಕಲು ಆಗಲಿಲ್ಲ. ಆ ದುಃಖ ಬರೆಯಬೇಕಾದ್ದೇ. ಬರೆದ ತಾರೀಕನ್ನೂ ಪಕ್ಕದಲ್ಲಿ ಹಾಕಿ, ಓದುವವರಿಗೆ ಅರ್ಥವಾಗುತ್ತದೆ.

ಹೆಸರು ಬೇಡ. ವಯಸ್ಸು ಸುಮಾರಾಗಿ, ಯಾವ ಸಂಗೀತ ಕೇಳಿ ಬೆಳೆದವರು, ಎಷ್ಟನೇ ಸಲ ಕೇಳಿದ್ದು, ಇಷ್ಟು ಸಾಕು. ಹಂಚುವ ಮುಂಚೆ ಹೇಳಿದವರಿಗೇ ಒಮ್ಮೆ ಓದಿ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ನಾನು ಮಾವನ ಮಾತನ್ನು "ಮೊದಲ ಹಾಡು ಗಲಾಟೆ" ಅಂತ ಬರೆದುಕೊಂಡಿದ್ದೆ. ಓದಿದಾಗ ಅವರು ತಡೆದರು. "ಗಲಾಟೆ ಅಂತ ನಾನು ಅನ್ನಲಿಲ್ಲ, ಜೋರು ಅಂದೆ. ಗಲಾಟೆ ಬೇರೆ, ಜೋರು ಬೇರೆ." ಹಾಳೆ ತೆಗೆದು ನೋಡಿದೆ. ಅವರ ಕೈಬರಹದಲ್ಲಿ "ಜೋರು" ಅಂತಲೇ ಇತ್ತು. ತಿದ್ದಿ, ಮತ್ತೆ ಓದಿ, ಆಮೇಲೆ ಹಂಚಿದೆ.