18-55 ಸಾಲದಾದಾಗ ನಾನು ಲೆನ್ಸ್ ಆರಿಸಿದ ರೀತಿ

ಕ್ಯಾನನ್ 1500ಡಿ ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ (ಈ ಸಂಖ್ಯೆ ಮಿಲಿಮೀಟರಿನಲ್ಲಿ, ಸಣ್ಣದಾದಷ್ಟು ನೋಟ ಅಗಲ, ದೊಡ್ಡದಾದಷ್ಟು ದೂರದ್ದು ಹತ್ತಿರ) ಕೆಟ್ಟದ್ದೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಕ್ಯಾಮೆರಾ ಕೊಂಡ ತಿಂಗಳಿಗೇ ಅದನ್ನು ಬೈಯೋದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ತೂಕ ಬರೀ 200 ಗ್ರಾಂ. 25 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ. ಅಪರ್ಚರ್, ಅಂದ್ರೆ ಬೆಳಕು ಒಳಗೆ ಬಿಡುವ ಕಿಂಡಿ, ಎಫ್ 8ಕ್ಕೆ ಇಟ್ಟು (ಎಫ್ ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು), ಕೈ ಅಲುಗಿಸದೆ ತೆಗೆದರೆ ಚಿತ್ರದುರ್ಗದ ಕೋಟೆ ಕಲ್ಲಿನ ಮೇಲಿನ ಉಳಿ ಗುರುತು ಕೂಡ ಸ್ಪಷ್ಟವಾಗಿ ಬರುತ್ತದೆ. ನನಗೆ ಅದು ಸಾಲದೇ ಹೋದದ್ದು ದೂರದ ವಿಷಯದಲ್ಲಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಧ್ಯದ ಸಾಲಿನಲ್ಲಿ ಕೂತು ತೆಗೆದರೆ ವೇದಿಕೆ ಪೂರ್ತಿ ಬರುತ್ತದೆ, ಮಕ್ಕಳ ಮುಖ ಮಾತ್ರ ಕಡಲೆಕಾಳಿನಷ್ಟು. ನಾನು ಮೇಷ್ಟ್ರು. ಪೋಷಕರು ಕೇಳೋದು ವೇದಿಕೆಯ ಫೋಟೋ ಅಲ್ಲ, ತಮ್ಮ ಮಗಳ ಫೋಟೋ.

ಕೈಯಲ್ಲಿ 15 ಸಾವಿರ ಇತ್ತು. ಒಂದೇ ಲೆನ್ಸ್, ಎಲ್ಲದಕ್ಕೂ ಆಗಬೇಕು. ಯಾವುದು ಕೊಳ್ಳಲಿ ಎಂದು ಗೊತ್ತಿದ್ದವರನ್ನೆಲ್ಲ ಕೇಳಿದೆ. ಮದುವೆ ಫೋಟೋ ತೆಗೆಯುವವರು 17-50 ಎಫ್ 2.8 ಬಿಟ್ಟು ಬೇರೆ ನೋಡಲೇಬೇಡಿ ಅಂದರು. ಕೊಂಡಜ್ಜಿ, ಕುಂದುವಾಡ ಕೆರೆ ಅಂತ ಹಕ್ಕಿ ಹಿಂದೆ ಅಲೆಯುವ ಗೆಳೆಯನಿಗೆ 250ಕ್ಕಿಂತ ಕಡಿಮೆ ಇದ್ದದ್ದು ಲೆನ್ಸೇ ಅಲ್ಲ. ಅಂಗಡಿಯವರು 18-200 ತೋರಿಸಿದರು. ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರೂ ಅವರವರ ಕೆಲಸಕ್ಕೆ ಬೇಕಾದದ್ದನ್ನು ಹೇಳಿದರು, ಅಷ್ಟೇ. ನನಗೆ ಏನು ಬೇಕು ಅನ್ನೋದು ನನ್ನ ಹಳೇ ಫೋಟೋಗಳಲ್ಲೇ ಇರಬೇಕಲ್ವಾ?

ಇದ್ದೇ ಇತ್ತು. ಕ್ಯಾಮೆರಾ ಪ್ರತಿ ಫೋಟೋ ಜೊತೆಗೂ ಅದನ್ನು ಎಷ್ಟು ಮಿಲಿಮೀಟರಿನಲ್ಲಿ ತೆಗೆದದ್ದು ಎಂದು ಬರೆದಿಟ್ಟಿರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದು, ಡೀಟೇಲ್ಸ್ ನೋಟಕ್ಕೆ ಬದಲಾಯಿಸಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಮೋರ್ ಒತ್ತಿದರೆ ಒಂದು ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಫೋಕಲ್ ಲೆಂತ್ ಆರಿಸಿಕೊಂಡರೆ ಆಯಿತು, ಆ ಕಾಲಂ ಒತ್ತಿ ಎಲ್ಲ ಫೋಟೋಗಳನ್ನೂ ಸಾಲಾಗಿ ಜೋಡಿಸಬಹುದು. ಯಾವ ಆ್ಯಪ್ ಕೂಡ ಬೇಡ.

ನನ್ನ ಫೋಟೋಗಳು ಎರಡು ತುದಿಯಲ್ಲಿ ಗುಂಪಾಗಿ ನಿಂತವು. ಒಂದಷ್ಟು 18ರಲ್ಲಿ, ಅದಕ್ಕಿಂತ ಜಾಸ್ತಿ 55ರಲ್ಲಿ. ನಡುವೆ ಹೆಚ್ಚೇನೂ ಇಲ್ಲ. 55ರಲ್ಲಿ ರಾಶಿ ಬಿದ್ದಿದೆ ಅಂದ್ರೆ, ಜೂಮ್ ಇನ್ನೂ ತಿರುಗಿಸಲು ಹೋಗಿ ಅದು ಅಲ್ಲೇ ನಿಂತಿದೆ ಎಂದರ್ಥ. ಸರಿ, ಇನ್ನೂ ಎಷ್ಟು ಬೇಕಿತ್ತು? ಅದಕ್ಕೂ ಲೆಕ್ಕ ಇದೆ. 1500ಡಿ ಫೋಟೋ ಅಗಲದಲ್ಲಿ 6000 ಪಿಕ್ಸೆಲ್. 55ರಲ್ಲಿ ತೆಗೆದ ಫೋಟೋವನ್ನು ನಾನು ಕತ್ತರಿಸಿ 3000 ಪಿಕ್ಸೆಲಿಗೆ ತಂದಿದ್ದರೆ ನನಗೆ ಬೇಕಿದ್ದದ್ದು 110 ಮಿಲಿಮೀಟರ್. 2000ಕ್ಕೆ ತಂದಿದ್ದರೆ 165. ಅಂದ್ರೆ 55ನ್ನು 6000ದಿಂದ ಗುಣಿಸಿ, ಉಳಿದ ಅಗಲದಿಂದ ಭಾಗಿಸಬೇಕು. ಕತ್ತರಿಸಿದ ಫೋಟೋಗಳನ್ನೆಲ್ಲ ಹೀಗೆ ನೋಡಿದಾಗ ಬಹುಪಾಲು 80ರಿಂದ 130ರ ನಡುವೆ ಬಂತು. ವೇದಿಕೆ, ತೇರಿನ ಕಳಸ, ಗೋಪುರದ ಗೊಂಬೆ, ಸಂಬಂಧಿಕರ ಮನೆ ಕಾರ್ಯಗಳಲ್ಲಿ ದೂರದಿಂದ ತೆಗೆದ ಅಜ್ಜ ಅಜ್ಜಿಯರ ಮುಖ, ಎಲ್ಲವೂ ಇದರೊಳಗೇ.

ಹಕ್ಕಿ ಫೋಟೋಗಳು ಮಾತ್ರ ಬೇರೆ ಕಥೆ. ಕೆಲವನ್ನು 1000 ಪಿಕ್ಸೆಲಿಗೆ ಕತ್ತರಿಸಿದ್ದೆ. ಅದಕ್ಕೆ 330 ಬೇಕು. ನನ್ನ ದುಡ್ಡಿಗೆ ಸಿಗುವ ಆಲ್‌ರೌಂಡ್ ಲೆನ್ಸ್ ಯಾವುದೂ ಅಲ್ಲಿಗೆ ಮುಟ್ಟೋದಿಲ್ಲ. 200 ಕೊಂಡರೂ ಅರೆಬರೆ. ಹಾಗಾಗಿ ಹಕ್ಕಿಗಳನ್ನು ಪಟ್ಟಿಯಿಂದ ತೆಗೆದೆ. ಅವನ್ನು ಬಿಟ್ಟ ತಕ್ಷಣ ಆಯ್ಕೆ ಎಷ್ಟೋ ಹಗುರವಾಯಿತು.

ಅಗಲದ ಕಡೆ ಇನ್ನೊಂದು ಯೋಚನೆ ಮಾಡಿದೆ. ಕ್ಯಾನನ್ನಿನ ಈ ಸಣ್ಣ ಸೆನ್ಸರಿನಲ್ಲಿ (ಚಿತ್ರ ಹಿಡಿಯುವ ಚಿಪ್ಪು) ಯಾವ ಲೆನ್ಸನ್ನಾದರೂ ದೊಡ್ಡ, ಫುಲ್ ಫ್ರೇಮ್ ಸೆನ್ಸರಿನ ಲೆಕ್ಕಕ್ಕೆ ತರಲು 1.6ರಿಂದ ಗುಣಿಸಿ ನೋಡಬೇಕು. 18 ಅನ್ನೋದು 29 ಆಗುತ್ತದೆ. ಜೇಬಿನಲ್ಲಿರುವ ಮೊಬೈಲಿನ ಮುಖ್ಯ ಕ್ಯಾಮೆರಾ ಅದೇ ಲೆಕ್ಕದಲ್ಲಿ ಸಾಮಾನ್ಯವಾಗಿ 24ರಿಂದ 26ರ ಆಸುಪಾಸು. ಅಂದ್ರೆ ಮೊಬೈಲೇ ಹೆಚ್ಚು ಅಗಲ! ಓಬವ್ವನ ಕಿಂಡಿ ಮುಂದೆ ನಿಂತಾಗ ಹಿಂದಕ್ಕೆ ಸರಿಯಲು ಜಾಗ ಇರೋದಿಲ್ಲ. ಅಲ್ಲಿ ನಾನು ಮೊಬೈಲೇ ತೆಗೆಯುತ್ತೇನೆ. ಹೀಗಿರುವಾಗ 17 ಬೇಕೋ 18 ಬೇಕೋ ಎಂದು ತಲೆ ಕೆಡಿಸಿಕೊಳ್ಳೋದು ದಂಡ. ಮೊಬೈಲಿಗೆ ಆಗದ ಕೆಲಸ ಇರೋದು ಉದ್ದದ ತುದಿಯಲ್ಲಿ. ದುಡ್ಡು ಅಲ್ಲಿಗೇ ಹಾಕಬೇಕು.

ಕೊನೆಗೆ ಮೂರು ನಾಲ್ಕು ಉಳಿದವು. ಸಿಗ್ಮಾ 17-70 ಎಫ್ 2.8-4 ನೋಡಿ ನಿಜವಾಗಿಯೂ ಆಸೆಯಾಯಿತು. 22 ಸೆಂಟಿಮೀಟರ್ ಹತ್ತಿರ ಹೋಗಬಹುದು, ಬೆಳಕೂ ಜಾಸ್ತಿ ಎಳೆದುಕೊಳ್ಳುತ್ತದೆ. ಮನೆ, ಊಟ, ಹೂವು, ಮಕ್ಕಳು ಎಂದು ತೆಗೆಯುವವರಿಗೆ ಇದಕ್ಕಿಂತ ಒಳ್ಳೇದು ಈ ದರದಲ್ಲಿ ಕಷ್ಟ. ಆದರೆ 70ಕ್ಕೆ ನಿಲ್ಲುತ್ತದೆ, ನನ್ನ ಲೆಕ್ಕ 80ಕ್ಕೆ ಶುರು. 18-200 ವರ್ಗದವು ಹಗಲಲ್ಲಿ ಚೆನ್ನ. ಆದರೆ ಇಷ್ಟು ದೊಡ್ಡ ಜೂಮನ್ನು ಕಡಿಮೆ ದರದಲ್ಲಿ ಮಾಡುವಾಗ ಎಲ್ಲೋ ಒಂದು ಕಡೆ ರಾಜಿ ಆಗಲೇಬೇಕು. ಆ ರಾಜಿ ಸಾಮಾನ್ಯವಾಗಿ ಕಾಣೋದು ಉದ್ದದ ತುದಿಯಲ್ಲೇ. ಅಲ್ಲಿ ಹಲವು ಲೆನ್ಸುಗಳಲ್ಲಿ ಅಪರ್ಚರ್ ಎಫ್ 6.3ಕ್ಕೆ ಇಳಿದಿರುತ್ತದೆ, ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ. ನಾನು ಜಾಸ್ತಿ ಬಳಸೋದು ಆ ಕಡೆಯನ್ನೇ.

ಇರುವ 18-55 ಜೊತೆ 55-250 ಕೊಳ್ಳೋದು ಜಾಣತನ ಎಂದು ಹಲವರು ಹೇಳಿದರು. ಚಿತ್ರದ ಗುಣಮಟ್ಟ ಒಂದನ್ನೇ ನೋಡಿದರೆ ಅವರದ್ದೇ ಸರಿ. ಆದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರೋದು ಸುಮ್ನೆ ಅಲ್ಲ. ಆಷಾಢದಲ್ಲಿ ಕೋಟೆ ಮೇಲೆ ಹಿಡಿಂಬೇಶ್ವರ ಗುಡಿ ಹತ್ತಿರ ನಿಂತು ಲೆನ್ಸ್ ಬಿಚ್ಚಿ ನೋಡಿ! ಒಂದು ಕೈಯಲ್ಲಿ ಬಾಯಿ ತೆರೆದ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಲೆನ್ಸ್, ಕಂಕುಳಲ್ಲಿ ಎರಡು ಮುಚ್ಚಳ, ಮುಖಕ್ಕೆ ದೂಳು. ಒಳಗೆ ಹೋದ ದೂಳು ಸೆನ್ಸರ್ ಮೇಲೆ ಕೂತರೆ ಎಫ್ 11ರಲ್ಲಿ ತೆಗೆದ ಪ್ರತಿ ಆಕಾಶದಲ್ಲೂ ಅದೇ ಜಾಗದಲ್ಲಿ ಒಂದು ಬೂದು ಚುಕ್ಕೆ. ಜಾತ್ರೆಯಲ್ಲಂತೂ ಲೆನ್ಸ್ ಬದಲಾಯಿಸುವಷ್ಟರಲ್ಲಿ ತೇರು ಮುಂದೆ ಹೋಗಿರುತ್ತದೆ.

ಹಾಗಾಗಿ ಕ್ಯಾನನ್ 18-135 ಐಎಸ್ ಎಸ್‌ಟಿಎಂ ಎಂದು ತೀರ್ಮಾನಿಸಿದೆ (ಐಎಸ್ ಅಂದ್ರೆ ಕೈ ಅಲುಗಾಟ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಅನ್ನೋದು ಫೋಕಸ್ ಮೋಟಾರಿನ ಒಂದು ಬಗೆ). ಹೊಸದು ನನ್ನ ಮಿತಿ ಮೀರಿತ್ತು. ಹಳೇದು ಹುಡುಕಿದೆ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ 1500ಡಿಯಂಥ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸ್ ಮಾರುವವರು ಜಾಸ್ತಿಯಾಗಿದ್ದಾರೆ, ಇದು ನಮ್ಮಂಥವರಿಗೆ ಲಾಭ. ಇಲ್ಲಿ ಒಂದು ವಿಷಯ ಗಮನಿಸಬೇಕು. 18-135 ಮೂರು ಬಗೆಯಲ್ಲಿ ಇದೆ. 2009ರ ಮೊದಲನೆಯದು ಬರೀ ಐಎಸ್, ಅದರ ಫೋಕಸ್ ಮೋಟಾರು ನಿಧಾನ, ಸದ್ದೂ ಮಾಡುತ್ತದೆ. 2012ರದ್ದು ಎಸ್‌ಟಿಎಂ. 2016ರದ್ದು ಯುಎಸ್‌ಎಂ, ಚುರುಕು, ದರವೂ ಹೆಚ್ಚು. ಮಾರುವವರು ಮೂರನ್ನೂ 18-135 ಎಂದೇ ಬರೆದಿರುತ್ತಾರೆ. ಲೆನ್ಸಿನ ಮೈಮೇಲಿನ ಅಕ್ಷರದ ಫೋಟೋ ಕಳಿಸಿ ಎಂದು ಕೇಳದೆ ಬಸ್ ಹತ್ತಬೇಡಿ.

ದಾವಣಗೆರೆಯಲ್ಲಿ ಒಬ್ಬ ಮದುವೆ ಫೋಟೋಗ್ರಾಫರ್ ಮಾರುತ್ತಿದ್ದರು. ಚಿತ್ರದುರ್ಗದಿಂದ ಸುಮಾರು 60 ಕಿಲೋಮೀಟರ್, ನನ್ನ ಕ್ಯಾಮೆರಾ ಜೊತೆಗೇ ಹೋದೆ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿದೆ. ಒಂದೆರಡು ದೂಳಿನ ಕಣ ಎಲ್ಲ ಹಳೇ ಜೂಮಿನಲ್ಲೂ ಇರುತ್ತವೆ, ಫೋಟೋದಲ್ಲಿ ಕಾಣೋದಿಲ್ಲ. ನೋಡಬೇಕಾದದ್ದು ಜೇಡರ ಬಲೆಯಂಥ ಬಿಳಿ ಎಳೆಗಳನ್ನು. ಅದು ಫಂಗಸ್. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಇದು ಕಡಿಮೆ, ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲ ಕಳೆದ ಲೆನ್ಸಾದರೆ ಎರಡು ಸಲ ನೋಡಿ. ಆ ಮೇಲೆ ಲೆನ್ಸನ್ನು ಕೆಳಮುಖ ಹಿಡಿದು ಅಲ್ಲಾಡಿಸಿದೆ, ಜೂಮ್ ತಾನಾಗೇ ಜಾರುತ್ತದಾ ಎಂದು. ಸ್ವಲ್ಪ ಜಾರಿತು. ಅದನ್ನೇ ಹೇಳಿ ದರ ಇಳಿಸಿಕೊಂಡೆ. ಎದುರಿನ ಮುಚ್ಚಿದ ಅಂಗಡಿಯ ರೋಲಿಂಗ್ ಶಟರಿಗೆ ನೇರ ನಿಂತು 18, 50, 135ರಲ್ಲಿ ಅಪರ್ಚರ್ ಪೂರ್ತಿ ತೆರೆದು ತೆಗೆದೆ. ಎಡ ಮೂಲೆ, ಬಲ ಮೂಲೆ ಹಿಗ್ಗಿಸಿ ನೋಡಿದಾಗ ಎರಡೂ ಒಂದೇ ರೀತಿ ಇರಬೇಕು. ಒಂದು ಕಡೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದು ಎದ್ದದ್ದಿರಬಹುದು. ಇದು ಸರಿ ಇತ್ತು. ದುಡ್ಡು ಕೊಟ್ಟು, ಮಂಡಕ್ಕಿ ಮಿರ್ಚಿ ತಿಂದು ಊರಿಗೆ ಬಂದೆ. ಆ ತಟ್ಟೆಯೇ ಮೊದಲ ಫೋಟೋ. 39 ಸೆಂಟಿಮೀಟರ್ ಹತ್ತಿರ ಫೋಕಸ್ ಆಗುತ್ತದೆ, ಟೇಬಲ್ ಮೇಲಿನ ತಿಂಡಿಗೆ ಧಾರಾಳ ಸಾಕು.

ತೂಕ 480 ಗ್ರಾಂ. ಕ್ಯಾಮೆರಾವೂ ಹೆಚ್ಚೂಕಡಿಮೆ ಅಷ್ಟೇ, ಸೇರಿ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಕ್ಯಾಮೆರಾ ಜೊತೆ ಬಂದ ಕುತ್ತಿಗೆ ಪಟ್ಟಿ ಬಿಟ್ಟು ಅಡ್ಡ ಹಾಕುವ ಅಗಲದ ಪಟ್ಟಿ ತಗೊಂಡೆ. ಕೋಟೆಯಲ್ಲಿ ಇದರ ಉಪಯೋಗ ಚೆನ್ನಾಗಿ ಗೊತ್ತಾಗುತ್ತದೆ. ಬಾಗಿಲುಗಳ ತಿರುವಿನಲ್ಲಿ 18, ಹತ್ತು ಹೆಜ್ಜೆ ಆದ ಮೇಲೆ ಗೋಡೆ ಮೇಲೆ ಕೂತ ಕೋತಿಗೆ 100. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಬರಿಗೈಲಿ ಗೋಡೆ ಹತ್ತುವಾಗ ಜನರ ಹಿಂದೆ ನಿಂತರೂ 135ರಲ್ಲಿ ಅವರ ಬೆರಳು ಕಲ್ಲಿನ ಸಂದಿ ಹಿಡಿದದ್ದು ಸಿಗುತ್ತದೆ. ಮೇಲಿನಿಂದ ಗಾಳಿಯಂತ್ರದ ಸಾಲು ತೆಗೆಯಲು ನನಗೆ 135 ಇಷ್ಟ, ಯಂತ್ರಗಳು ಒಂದರ ಬೆನ್ನಿಗೆ ಇನ್ನೊಂದು ನಿಂತ ಹಾಗೆ ಒತ್ತಾಗಿ ಕಾಣುತ್ತವೆ. 18ರಲ್ಲಿ ಮಾತ್ರ ಗುಡಿಯ ಕಂಬಗಳು ಅಂಚಿನಲ್ಲಿ ಹೊರಕ್ಕೆ ಬಾಗುತ್ತವೆ. 24ರ ಹತ್ತಿರ ತಂದರೆ ಕಡಿಮೆಯಾಗುತ್ತದೆ, ಉಳಿದದ್ದನ್ನು ಕ್ಯಾನನ್ನಿನ ಉಚಿತ ಸಾಫ್ಟ್‌ವೇರಿನಲ್ಲಿ ಸರಿ ಮಾಡಬಹುದು.

ನಾಯಕನಹಟ್ಟಿ ಜಾತ್ರೆಯಲ್ಲಿ ಮಾರ್ಚ್ ಬಿಸಿಲು, ಕೊಬ್ಬರಿ ಸುಡುವ ಹೊಗೆ, ನೂಕುನುಗ್ಗಲು. ತೇರು, ಕಳಸ, ಬೆಂಕಿಯ ಬೆಳಕು ಬಿದ್ದ ಮುಖ, ಎಲ್ಲವನ್ನೂ ಲೆನ್ಸ್ ಬಿಚ್ಚದೆ ತೆಗೆದೆ. ಹಗಲಲ್ಲಿ ಎಫ್ 5.6 ಯಾರಿಗೂ ತೊಂದರೆ ಕೊಡೋದಿಲ್ಲ.

ಸಂಜೆ ಆದ ಮೇಲೆ ಮಾತು ಬೇರೆ. ಜೂಮ್ ಮಾಡುತ್ತ ಹೋದಂತೆ ಅಪರ್ಚರ್ 3.5ರಿಂದ ಹಂತ ಹಂತವಾಗಿ 5.6ಕ್ಕೆ ಬರುತ್ತದೆ. ಅಲುಗಾಟ ತಡೆಯುವ ಐಎಸ್ ಇದೆ ಅಂತ ಧೈರ್ಯ ಮಾಡುವವರಿದ್ದಾರೆ. ಅದು ತಡೆಯೋದು ನಮ್ಮ ಕೈ ನಡುಕವನ್ನು, ಕುಣಿಯುವ ಮಕ್ಕಳನ್ನಲ್ಲ. ಗುಡಿಯ ಕಂಬವನ್ನು ಸೆಕೆಂಡಿನ 25ನೇ ಒಂದು ಭಾಗದಲ್ಲಿ ಕೈಯಲ್ಲೇ ಹಿಡಿದು ತೆಗೆಯಬಹುದು. ವೇದಿಕೆಯ ಕುಣಿತಕ್ಕೆ 250ನೇ ಒಂದು ಭಾಗ ಬೇಕೇ ಬೇಕು, ಆಗ ಐಎಸ್‌ಓ, ಅಂದ್ರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರುತ್ತದೆ. ಸ್ವಲ್ಪ ಕಾಳು ಕಾಳಾಗಿ ಬರುತ್ತದೆ. ಪೋಷಕರು ಯಾರೂ ಇದುವರೆಗೆ ಆ ಬಗ್ಗೆ ಕೇಳಿಲ್ಲ. ಮನೆಯೊಳಗಿನ ಟ್ಯೂಬ್‌ಲೈಟಿಗೆ ಮಾತ್ರ ಈ ಲೆನ್ಸ್ ಸಾಲದು. ಅದಕ್ಕೆ ಆಮೇಲೆ ದುಡ್ಡು ಕೂಡಿಸಿ 50 ಎಫ್ 1.8 ಎಸ್‌ಟಿಎಂ ತಗೊಂಡೆ. 5.6ಕ್ಕೆ ಹೋಲಿಸಿದರೆ ಅದು ಒಳಗೆ ಬಿಡುವ ಬೆಳಕು ಸುಮಾರು ಹತ್ತು ಪಟ್ಟು. 160 ಗ್ರಾಂ, ಜೇಬಿನಲ್ಲಿ ಬಿದ್ದಿರುತ್ತದೆ. ಆಲ್‌ರೌಂಡ್ ಲೆನ್ಸಿಗೇ 2.8 ಬೇಕು ಎಂದು ದುಡ್ಡು ಸುರಿಯುವ ಬದಲು ಇದು ಅಗ್ಗದ ದಾರಿ ಅಂತ ನನ್ನ ಅಭಿಪ್ರಾಯ.

ಲೆನ್ಸಿನ ತುದಿಗೆ ಹಾಕಿ ಅಡ್ಡ ಬಿಸಿಲು ತಡೆಯುವ ಲೆನ್ಸ್ ಹುಡ್ ಬೇರೆಯಾಗಿ ಕೊಳ್ಳಬೇಕು, ಇಡಬ್ಲ್ಯು-73ಬಿ ಎಂದು ಕೇಳಿ. ಬೇರೆಯವರು ಮಾಡಿದ ಅಗ್ಗದ್ದೂ ಸಿಗುತ್ತದೆ, ಬಿಸಿಲಿಗೆ ಅಷ್ಟೇ ಕೆಲಸ ಮಾಡುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಬಳಸುವಾಗ ಹುಡ್ ತೆಗೆದಿಡಿ, ಇಲ್ಲದಿದ್ದರೆ 18ರಲ್ಲಿ ಫೋಟೋದ ಕೆಳಗೆ ಅರ್ಧಚಂದ್ರದಂತೆ ಕಪ್ಪು ನೆರಳು ಬೀಳುತ್ತದೆ. ಹಳೇ 18-55 ಮಾರಲು ಕೇಳಿದೆ, ಹೇಳಿದ ದರಕ್ಕೆ ಒಂದು ಹೊತ್ತು ನಾಲ್ಕು ಜನರ ಬೆಣ್ಣೆದೋಸೆಯೂ ಜೋರಾಗಿ ಆಗುತ್ತಿರಲಿಲ್ಲ. ಈಗ ಅದು ಶಾಲೆಯ ಬೀರುವಿನಲ್ಲಿದೆ, ಫೋಟೋ ಕಲಿಯುವ ಮಕ್ಕಳು ಬಳಸುತ್ತಾರೆ.